ಏರುದಾರಿಗೊಂದು ಬ್ಯಾಟರಿ ಸೈಕಲು



ನಮ್ಮ ಕಾಸರಗೋಡು ಕಡೆಯ ಹಳ್ಳಿಗಳಲ್ಲಿ ದೊಡ್ಡವರು ಸೈಕಲು ತುಳಿಯುವುದು ಅಪರೂಪ. ಇದಕ್ಕೆ ಕಾರಣ ನಮ್ಮ ಸೋಮಾರಿತನವಲ್ಲ, ನಮ್ಮ ನೆಲ. ಘಟ್ಟದ ಆಚೆ ಬಯಲುಸೀಮೆಯಲ್ಲಿ ಹಾಲಿನವರು, ಅಂಚೆಯವರು, ಶಾಲೆಯ ಮಾಸ್ತರರು ಒಂದು ಕಾಲಕ್ಕೆ ಸೈಕಲಿನಲ್ಲೇ ಜೀವನ ಸಾಗಿಸಿದರು. ನಮ್ಮಲ್ಲಿ ಹಾಗಲ್ಲ. ತೋಟ ತಗ್ಗಿನಲ್ಲಿ, ಮನೆ ತೋಟದ ಬದಿಯಲ್ಲಿ, ಡಾಮರು ಮಾರ್ಗವೋ ಗುಡ್ಡೆಯ ನೆತ್ತಿಯಲ್ಲಿ. ಮನೆಯಿಂದ ಹೊರಟ ಕೂಡಲೇ ಮುರಕಲ್ಲಿನ ಚಡವು. ಅದನ್ನು ಏರಿದ ಮೇಲೆ ಪದವು, ಮತ್ತೆ ಇಳಿತ, ಮತ್ತೆ ಏರು. ಅರ್ಧ ದಾರಿ ನಾವು ಸೈಕಲಿನ ಮೇಲೆ, ಇನ್ನರ್ಧ ದಾರಿ ಸೈಕಲು ನಮ್ಮ ಮೇಲೆ ಎಂದು ನಮ್ಮ ಹಿರಿಯರು ತಮಾಷೆ ಮಾಡುತ್ತಿದ್ದರು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಹತ್ತನೇ ತರಗತಿ ಪಾಸಾಗಿ ಸೇರಿದವನು ಅರುವತ್ತು ತುಂಬುವ ತನಕ ಕೌಂಟರಿನ ಹಿಂದೆಯೇ ಕುಳಿತೆ. ನಮ್ಮ ಮನೆ ಸೀತಾಂಗೋಳಿಗೂ ಬದಿಯಡ್ಕಕ್ಕೂ ನಡುವೆ, ಬಸ್ಸು ಹೋಗುವ ಮಾರ್ಗದಿಂದ ಒಂದೂವರೆ ಕಿಲೋಮೀಟರು ಒಳಗೆ. ನಿವೃತ್ತಿಯಾದ ಮೊದಲನೇ ಮಳೆಗಾಲದಲ್ಲಿ, ಪಾಚಿ ಹಿಡಿದ ಇಳಿಜಾರಿನಲ್ಲಿ ಸ್ಕೂಟರು ಜಾರಿತು. ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ನೂರು ಕಿಲೋ ಮೀರಿದ ಆ ಗಾಡಿಯನ್ನು ಎತ್ತಿ ನಿಲ್ಲಿಸಲಿಕ್ಕೆ ನನ್ನಿಂದ ಆಗಲಿಲ್ಲ. ಮಗ ಅದನ್ನು ಮಾರಿಸಿದ. ಆಮೇಲೆ ಎರಡು ವರ್ಷ ಒಂದು ಕಿಲೋ ಸಕ್ಕರೆ ಬೇಕಾದರೂ ಯಾರನ್ನಾದರೂ ಕೇಳಬೇಕು, ಇಲ್ಲವೇ ರಿಕ್ಷಾ ಕರೆಯಬೇಕು. ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಆದರೆ ದಿನಾ ಕೇಳುವುದು ಎಷ್ಟು ಭಾರವೆಂದು ಕೇಳಿದವರಿಗೇ ಗೊತ್ತು. ಬ್ಯಾಟರಿ ಸೈಕಲು ನಮ್ಮ ಅಂಗಳಕ್ಕೆ ಬಂದದ್ದು ಈ ಕಾರಣದಿಂದ.

ಇದು ಹೊಸ ಕಾಲದ ಆಟಿಕೆ ಎಂದು ತಿಳಿಯಬೇಡಿ. ಹಿಂದಿನ ಚಕ್ರದ ನಡುವೆ ಮೋಟಾರು ಇಟ್ಟ ಸೈಕಲಿಗೆ ಆಗ್ಡನ್ ಬೋಲ್ಟನ್ ಎಂಬವರು ಅಮೆರಿಕದಲ್ಲಿ 1895ರಲ್ಲೇ ಪೇಟೆಂಟು ಪಡೆದಿದ್ದರು. ಆದರೆ ಅಂದಿನ ಬ್ಯಾಟರಿಯ ಭಾರವೇ ಸವಾರನನ್ನು ಸೋಲಿಸುವಂತಿತ್ತು. ಜಪಾನಿನ ಸೋನಿ ಕಂಪೆನಿ 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರಾಟಕ್ಕೆ ತಂದ ಮೇಲೆ ದಾರಿ ಸುಗಮವಾಯಿತು. ತುಳಿದಾಗ ಮಾತ್ರ ನೆರವಾಗುವ ಸೈಕಲನ್ನು ಅದೇ ದೇಶದ ಯಮಾಹಾದವರು 1993ರಲ್ಲಿ ಮಾರುಕಟ್ಟೆಗೆ ಬಿಟ್ಟರು. ಇಂದು ನಮ್ಮ ಪೇಟೆಗಳಲ್ಲಿ ಸಿಗುವ ಬ್ಯಾಟರಿ ಸೈಕಲುಗಳು ಅದೇ ವಂಶದವು.

ಇದರ ಕೆಲಸ ಹೇಗೆ? ಪೆಡಲಿನ ಬಳಿ ಒಂದು ಸಣ್ಣ ಸಂವೇದಕ ಉಂಟು. ಪೆಡಲು ತಿರುಗುತ್ತಿದೆ ಎಂದು ಅದು ತಿಳಿಸಿದ ಕೂಡಲೇ ಹಿಂದಿನ ಚಕ್ರದ ಮೋಟಾರು ಒತ್ತು ಕೊಡುತ್ತದೆ. ತುಳಿಯುವುದು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಬ್ರೇಕಿನ ಹಿಡಿಯಲ್ಲೂ ಒಂದು ಸ್ವಿಚ್ಚು ಇರುತ್ತದೆ. ಬ್ರೇಕು ಒತ್ತಿದರೆ ಮೋಟಾರಿಗೆ ಕರೆಂಟು ಕಡಿಯುತ್ತದೆ. ಎಷ್ಟು ನೆರವು ಬೇಕೆಂದು ಹ್ಯಾಂಡಲಿನ ಗುಂಡಿಯಿಂದ ಒಂದು, ಎರಡು, ಮೂರು ಎಂದು ಆರಿಸಿಕೊಳ್ಳಬಹುದು. ಕೆಲವಕ್ಕೆ ಸ್ಕೂಟರಿನಂತೆ ತಿರುಚುವ ಥ್ರಾಟಲ್ಲೂ ಇರುತ್ತದೆ. ಅದರ ಕತೆ ಆಮೇಲೆ ಹೇಳುತ್ತೇನೆ.

ಈಗ ಒಂದು ಸಣ್ಣ ಲೆಕ್ಕ. ಸವಾರ, ಸೈಕಲು, ಚೀಲ ಎಲ್ಲ ಸೇರಿ ನೂರು ಕಿಲೋ ಎನ್ನೋಣ. ಹದಿನೈದು ಮೀಟರು ಮುಂದೆ ಹೋಗುವಾಗ ಒಂದು ಮೀಟರು ಮೇಲೇರುವ ಚಡವನ್ನು ಗಂಟೆಗೆ ಹತ್ತು ಕಿಲೋಮೀಟರಿನಂತೆ ಹತ್ತಬೇಕಾದರೆ ಸುಮಾರು 200 ವಾಟ್ ಶಕ್ತಿ ಬೇಕು. ಅರುವತ್ತು ದಾಟಿದ ನನ್ನಂಥ ಸಾಧಾರಣ ಮನುಷ್ಯನ ಕಾಲಿನಿಂದ ಹೆಚ್ಚು ಹೊತ್ತು ಬರುವುದು 60, 70 ವಾಟ್ ಅಷ್ಟೇ. ಹಾಗಾಗಿ ಬರೇ ಸೈಕಲಾದರೆ ಇಳಿದು ತಳ್ಳುವುದೇ ಗತಿ. ಉಳಿದ 130 ವಾಟನ್ನು ಮೋಟಾರು ಕೊಟ್ಟಿತೆಂದರೆ, ಕಾಲು ತನ್ನ ಪಾಲಿನಷ್ಟು ಮಾತ್ರ ದುಡಿದರೆ ಸಾಕು. ಜನ ಇದನ್ನು ಸೋಮಾರಿಯ ಸೈಕಲು ಎನ್ನುತ್ತಾರೆ. ನಾನಂತೂ ಒಪ್ಪುವುದಿಲ್ಲ. ತುಳಿಯುವ ಕೆಲಸ ನನ್ನದೇ, ಗುಡ್ಡೆಯ ಪಾಲು ಮಾತ್ರ ಮೋಟಾರಿನದು. ಸೈಕಲೇ ಬಿಟ್ಟಿದ್ದ ಮನುಷ್ಯ ಈಗ ವಾರಕ್ಕೆ ಐವತ್ತು ಕಿಲೋಮೀಟರು ತುಳಿಯುತ್ತಿದ್ದೇನೆ. ಮೊಣಗಂಟು ನೋವಿನವರು ತಮ್ಮ ವೈದ್ಯರನ್ನು ಕೇಳಿಯೇ ಹತ್ತಬೇಕು, ಅದು ಬೇರೆ ಮಾತು.

ಬೆಳಿಗ್ಗೆ ಸೊಸೈಟಿಗೆ ಹಾಲು, ಬರುವಾಗ ಪೇಪರು. ವಾರಕ್ಕೊಮ್ಮೆ ರೇಷನ್ ಅಂಗಡಿ, ತಿಂಗಳಿಗೊಮ್ಮೆ ಪೆನ್ಶನ್ ಪಾಸ್‌ಬುಕ್, ನಡುವೆ ಪಂಚಾಯತು ಆಫೀಸು, ಕೊಬ್ಬರಿ ಕೊಟ್ಟು ಎಣ್ಣೆ ತರುವುದು. ಇಷ್ಟೇ ನಮ್ಮ ಪ್ರಪಂಚ. ಹಿಂದೆ ಒಂದು ಗಟ್ಟಿ ಕ್ಯಾರಿಯರು, ಪಕ್ಕಕ್ಕೆ ಎರಡು ಚೀಲ ಹಾಕಿಸಿಕೊಂಡಿದ್ದೇನೆ. ಹದಿನೈದು ಕಿಲೋ ಅಕ್ಕಿ ತಂದದ್ದುಂಟು. ಭಾರವನ್ನು ಹ್ಯಾಂಡಲಿಗೆ ನೇತುಹಾಕಬೇಡಿ, ತಿರುವಿನಲ್ಲಿ ಸೈಕಲು ಎಳೆಯುತ್ತದೆ. ಇನ್ನೊಂದು ಎಚ್ಚರ: ಅಗ್ಗದ ಸೈಕಲುಗಳಲ್ಲಿ ಸಂವೇದಕ ಸ್ವಲ್ಪ ತಡವಾಗಿ ಎಚ್ಚರಗೊಳ್ಳುತ್ತದೆ. ಪೆಡಲು ಅರ್ಧ ಸುತ್ತು ತಿರುಗಿದ ಮೇಲೆ ಒಮ್ಮೆಲೇ ಮುಂದಕ್ಕೆ ಜಗ್ಗುತ್ತದೆ. ಅಂಗಡಿಯ ಎದುರು ಜನರ ನಡುವಿನಿಂದ ಹೊರಡುವಾಗ ನೆರವನ್ನು ಒಂದಕ್ಕೆ ಇಳಿಸಿ, ಬ್ರೇಕಿನ ಮೇಲೆ ಬೆರಳಿಟ್ಟೇ ಹೊರಡಬೇಕು. ನಾನು ಇದನ್ನು ಒಂದು ಬಾಳೆಗೊನೆಗೆ ಡಿಕ್ಕಿ ಹೊಡೆದು ಕಲಿತೆ.

ಖರ್ಚಿನ ವಿಷಯಕ್ಕೆ ಬರೋಣ, ಅದು ನನ್ನ ಹಳೆಯ ಕಸುಬು. ಹತ್ತು ಪೈಸೆಗೆ ಒಂದು ಕಿಲೋಮೀಟರು ಎಂದು ಮಾರುವವರು ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಪೂರ್ತಿ ಲೆಕ್ಕವೂ ಅಲ್ಲ. ನನ್ನ ಬ್ಯಾಟರಿ 36 ವೋಲ್ಟ್, 10 ಆಂಪಿಯರ್ ಗಂಟೆಯದು. ಗುಣಿಸಿದರೆ 360 ವಾಟ್ ಗಂಟೆ. ಚಾರ್ಜರಿನಲ್ಲಿ ಆಗುವ ನಷ್ಟ ಸೇರಿಸಿ ಒಮ್ಮೆ ತುಂಬಲು ಅರ್ಧ ಯೂನಿಟ್ಟಿಗಿಂತ ಕಡಿಮೆ ಕರೆಂಟು. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಮೂರು ರೂಪಾಯಿ. ನಮ್ಮ ಏರುತಗ್ಗಿನಲ್ಲಿ ನಾನೂ ತುಳಿದರೆ 25 ಕಿಲೋಮೀಟರು ಓಡುತ್ತದೆ. ಕಿಲೋಮೀಟರಿಗೆ 12 ಪೈಸೆ ಆಯಿತು. ಆದರೆ ಬ್ಯಾಟರಿ ಶಾಶ್ವತವಲ್ಲ. 500 ಸಲ ಪೂರ್ತಿ ತುಂಬಿ ಬರಿದಾದ ಮೇಲೆ ಅದರ ಹೊಟ್ಟೆ ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. ಆಗ ಓಡಿದ್ದು 12,500 ಕಿಲೋಮೀಟರು. ಹೊಸ ಬ್ಯಾಟರಿಗೆ ನನಗೆ ಹೇಳಿದ ಬೆಲೆ 12,000 ರೂಪಾಯಿ. ಭಾಗಿಸಿದರೆ ಕಿಲೋಮೀಟರಿಗೆ 96 ಪೈಸೆ. ಕರೆಂಟು ಸೇರಿ ಒಂದು ರೂಪಾಯಿ ಎಂಟು ಪೈಸೆ. ಲೀಟರಿಗೆ 45 ಕಿಲೋಮೀಟರು ಕೊಡುವ ಸ್ಕೂಟರಿಗೆ, ಪೆಟ್ರೋಲಿಗೆ ನೂರೇ ರೂಪಾಯಿ ಎಂದರೂ, ಎಣ್ಣೆಯೊಂದಕ್ಕೇ ಎರಡೂಕಾಲು ರೂಪಾಯಿ ಬೀಳುತ್ತದೆ. ಲಾಭ ಇದೆ, ಆದರೆ ಅದು ಪುಕ್ಕಟೆ ಅಲ್ಲ. ನಾನು ತಿಂಗಳಿಗೆ ಇನ್ನೂರು ರೂಪಾಯಿ ಬ್ಯಾಟರಿಯ ಹೆಸರಲ್ಲಿ ಆರ್.ಡಿ. ಕಟ್ಟುತ್ತಿದ್ದೇನೆ. ಐದು ವರ್ಷಕ್ಕೆ ಹೊಸತೊಂದು ಬಂದಂತೆ.

ಇನ್ನು ಕಾನೂನು. ಇಲ್ಲಿ ತುಂಬ ಜನ ಮೋಸ ಹೋಗುತ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ತುಳಿಯುವ ಸೈಕಲಿಗೆ ಸೇರಿಸಿದ ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ ಇದ್ದು, ವೇಗ ಏರಿದಂತೆ ಅದರ ನೆರವು ಕಡಿಮೆಯಾಗುತ್ತ ಬಂದು ಗಂಟೆಗೆ 25 ಕಿಲೋಮೀಟರಿನಲ್ಲಿ, ಅಥವಾ ತುಳಿಯುವುದು ನಿಲ್ಲಿಸಿದರೆ ಅದಕ್ಕೂ ಮೊದಲೇ, ಪೂರ್ತಿ ಕಡಿದುಹೋಗುವಂತಿದ್ದರೆ ಅದು ಮೋಟಾರು ವಾಹನವಲ್ಲ. ಲೈಸನ್ಸು ಬೇಡ, ನಂಬರು ಬೇಡ. ಮೋಟಾರಿನಿಂದಲೇ ಓಡುವ ಸಣ್ಣ ಗಾಡಿಗಳಿಗೂ ಇಂಥ ವಿನಾಯಿತಿ ಉಂಟು; ಅಲ್ಲಿ 250 ವಾಟ್ ಮತ್ತು 25 ಕಿಲೋಮೀಟರಿನ ಮಿತಿಯ ಜೊತೆಗೆ ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರಬಾರದು. ಎರಡಕ್ಕೂ ಸರಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯ ಮಂಜೂರಾತಿ ಬೇಕು. ನಮ್ಮ ಪಕ್ಕದೂರಿನ ಹುಡುಗನೊಬ್ಬ ಲೈಸನ್ಸು ಬೇಡವೆಂಬ ಮಾತು ನಂಬಿ ಒಂದು ಗಾಡಿ ಕೊಂಡ. ಒಂದು ವೈರು ಕಿತ್ತರೆ ನಲುವತ್ತರ ವೇಗ ಬರುತ್ತದೆಂದು ಅಂಗಡಿಯಲ್ಲೇ ಹೇಳಿಕೊಟ್ಟರಂತೆ. ವೈರು ಕಿತ್ತ ಗಳಿಗೆಯಿಂದ ಅದು ಲೈಸನ್ಸಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ದಾರಿಯಲ್ಲಿ ಯಾರಿಗಾದರೂ ತಾಗಿದರೆ ಪರಿಹಾರದ ಹಣ ಅಪ್ಪನ ತೋಟದಿಂದಲೇ ಬರಬೇಕು. ಕೊಳ್ಳುವ ಮೊದಲು ಮಂಜೂರಾತಿಯ ಪ್ರತಿ ಕೇಳಿ. ತೋರಿಸಲು ಹಿಂಜರಿದರೆ ಎದ್ದು ಬನ್ನಿ. ಹೆಲ್ಮೆಟ್ಟನ್ನು ಕಾನೂನು ಕೇಳದಿದ್ದರೂ ತಲೆ ಕೇಳುತ್ತದೆ.

ಕೆಲಸದ ಸವಾರಿ ರೂಢಿಯಾದ ಮೇಲೆ ತಿರುಗಾಟದ ಚಪಲ ಹುಟ್ಟಿತು. ಮೊದಲು ಹೋದದ್ದು ಅನಂತಪುರಕ್ಕೆ, ಕೆರೆಯ ನಡುವಿನ ಆ ದೇವಸ್ಥಾನಕ್ಕೆ. 2022ರ ಅಕ್ಟೋಬರಿನಲ್ಲಿ ತೀರಿಹೋದ ಬಬಿಯಾ ಎಂಬ ಮೊಸಳೆಯನ್ನು ಚಿಕ್ಕಂದಿನಿಂದ ಕಂಡವರು ನಾವು. ಬಸ್ಸಿನಲ್ಲಿ ಎಷ್ಟೋ ಸಲ ಹೋದ ದಾರಿಯೇ ಅದು. ಆದರೂ ಪದವಿನ ಮೇಲೆ ಮುಳಿಹುಲ್ಲು ಗಾಳಿಗೆ ಮಲಗುವ ಸದ್ದನ್ನು ನಾನು ಕೇಳಿದ್ದು ಅಂದೇ. ಈ ಮೋಟಾರಿಗೆ ಸ್ವರ ಕಡಿಮೆ. ನವಿಲು ಮಾರ್ಗ ದಾಟುವ ತನಕ ನಮ್ಮನ್ನು ಗಮನಿಸುವುದಿಲ್ಲ. ಇದರಲ್ಲಿ ಅಪಾಯವೂ ಉಂಟು, ಮುಂದೆ ನಡೆಯುವ ಮನುಷ್ಯರೂ ಗಮನಿಸುವುದಿಲ್ಲ. ಗಂಟೆ ಬಾರಿಸುತ್ತಲೇ ಹೋಗಬೇಕು.

ಆ ಹುಮ್ಮಸ್ಸಿನಲ್ಲಿ ಜನವರಿಯ ಒಂದು ಬೆಳಿಗ್ಗೆ ಪೊಸಡಿಗುಂಪೆಗೆ ಹೊರಟೆ. ಧರ್ಮತ್ತಡ್ಕದ ಬಳಿಯ ಆ ಗುಡ್ಡೆ ನಿಮಗೆಲ್ಲ ಗೊತ್ತಿದ್ದದ್ದೇ, ಸಮುದ್ರಮಟ್ಟದಿಂದ ಸುಮಾರು 1,060 ಅಡಿ. ಗಾಳಿ ಶುಭ್ರವಾಗಿದ್ದರೆ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಕುದುರೆಮುಖದ ಸಾಲು. ನಾನು ಮಾಡಿದ ತಪ್ಪೆಂದರೆ ತುಳಿಯದೆ ಥ್ರಾಟಲ್ಲು ತಿರುಚಿಕೊಂಡೇ ಹೋದದ್ದು. ಮೋಟಾರು ಒಂದೇ ಎಳೆದಾಗ ಬ್ಯಾಟರಿ ಹೇಗೆ ಕರಗುತ್ತದೆ ಎಂಬ ಅಂದಾಜು ನನಗಿರಲಿಲ್ಲ. ಕಡಿದಾದ ಏರಿನಲ್ಲಿ ಚಕ್ರ ನಿಧಾನವಾದಷ್ಟೂ ಮೋಟಾರು ಕರೆಂಟು ಕುಡಿಯುತ್ತದೆ, ಕುಡಿದದ್ದರಲ್ಲಿ ಹೆಚ್ಚು ಭಾಗ ಬಿಸಿಯಾಗಿ ಹೋಗುತ್ತದೆ. ಗುಡ್ಡೆಯ ಕೊನೆಯ ತಿರುವಿನ ಮೊದಲೇ ದೀಪ ಆರಿತು. ಮುಟ್ಟಿ ನೋಡಿದರೆ ಚಕ್ರದ ನಡುಭಾಗ ಸುಡುತ್ತಿತ್ತು.

ಬ್ಯಾಟರಿ ತೀರಿದ ಈ ಸೈಕಲು ಇಪ್ಪತ್ತೈದು ಕಿಲೋದ ಸಾದಾ ಸೈಕಲು. ಚಾರ್ಜರನ್ನು ಮನೆಯಲ್ಲೇ ಬಿಟ್ಟಿದ್ದೆ. ಕೆಳಗಿನ ಚಾಯದಂಗಡಿಯವರು ನನ್ನ ಮೋರೆ ನೋಡಿಯೇ, “ಚಾರ್ಜ್ ತೀರ್ನೋ ಮಾಷೇ?” ಎಂದು ಕೇಳಿದರು. ನಾನು ಮಾಷೆಯೂ ಅಲ್ಲ, ನನ್ನ ಚಾರ್ಜು ಮಾತ್ರ ಸೈಕಲಿನ ಹಾಗೆಯೇ ತೀರಿತ್ತು. ಪ್ಲಗ್ಗು ಕೊಡಲು ಅವರು ತಯಾರು, ಆದರೆ ಚುಚ್ಚುವುದು ಏನನ್ನು? ಇಳಿತದಲ್ಲಿ ಕುಳಿತು, ಏರಿನಲ್ಲಿ ತಳ್ಳಿ ಮನೆ ಸೇರುವಾಗ ಮಧ್ಯಾಹ್ನ ಮೂರು. ಮಗನಿಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ.

ಮುಂದಿನ ತಿಂಗಳು ಅದೇ ಗುಡ್ಡೆಗೆ ಮತ್ತೆ ಹೋದೆ. ಥ್ರಾಟಲ್ಲು ಮುಟ್ಟಲಿಲ್ಲ. ಸಮತಟ್ಟಿನಲ್ಲಿ ನೆರವು ಒಂದು, ಏರಿನಲ್ಲಿ ಎರಡು, ಗೇರು ಸಣ್ಣದು, ಕಾಲು ನಿಲ್ಲಿಸದೆ ಸಲೀಸಾಗಿ ತುಳಿತ. ಎರಡು ಕಡೆ ನಿಂತು ಮೋಟಾರಿಗೂ ನನಗೂ ಉಸಿರು ತಿರುಗಿಸಿಕೊಂಡೆವು. ನೆತ್ತಿಯ ಬಳಿ ತಲುಪುವಾಗ ಬ್ಯಾಟರಿಯಲ್ಲಿ ಅರ್ಧಕ್ಕೂ ಮಿಕ್ಕಿ ಉಳಿದಿತ್ತು. ಚಾರ್ಜರು ಚೀಲದಲ್ಲೇ ಇತ್ತು, ತೆಗೆಯಬೇಕಾಗಲಿಲ್ಲ.

ಏರಿಗಿಂತ ಹೆಚ್ಚು ಎಚ್ಚರ ಇಳಿತದಲ್ಲಿ ಬೇಕು. ಸಾದಾ ಸೈಕಲಿಗಿಂತ ಇದು ಭಾರ, ಹಾಗಾಗಿ ಬ್ರೇಕು ಬೇಗ ಸವೆಯುತ್ತದೆ. ಡಿಸ್ಕ್ ಬ್ರೇಕು ಇರುವುದನ್ನೇ ಕೊಳ್ಳಿ. ಒಂದೇ ಸಮನೆ ಒತ್ತಿ ಹಿಡಿಯದೆ, ಹಿಂದೆ ಮುಂದೆ ಎರಡನ್ನೂ ಬಿಟ್ಟು ಬಿಟ್ಟು ಒತ್ತಿ. ತಿಂಗಳಿಗೊಮ್ಮೆ ಪ್ಯಾಡು ನೋಡಿಸಿ.

ಮಳೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಸೋನೆಯಲ್ಲಿ ಓಡಿಸಬಹುದು. ಚಕ್ರದ ನಡುಭಾಗ ಮುಳುಗುವಷ್ಟು ನೀರಿನಲ್ಲಿ ಇಳಿಸಬಾರದು, ಪಂಪಿನ ನೀರು ಬಿಟ್ಟು ತೊಳೆಯಬಾರದು. ಆಟಿಯ ಜಡಿಮಳೆಗೆ ಸೈಕಲು ಮೂಲೆಗೆ ಸೇರಿದರೆ ಬ್ಯಾಟರಿಯನ್ನು ತುಂಬಿಯೂ ಇಡಬೇಡಿ, ಬರಿದಾಗಿಯೂ ಇಡಬೇಡಿ. ಅರ್ಧಕ್ಕಿಂತ ತುಸು ಹೆಚ್ಚು ಇರಿಸಿ, ತಿಂಗಳಿಗೊಮ್ಮೆ ನೋಡಿ. ಜೊತೆಗೆ ಬಂದ ಚಾರ್ಜರು ಬಿಟ್ಟು ಬೇರೆಯದನ್ನು ಹಾಕಬೇಡಿ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹಿಡಿದ ಸುದ್ದಿ ನೆನಪಿರಬಹುದು. ಹಗಲು, ಕಣ್ಣೆದುರು, ಸಿಮೆಂಟು ನೆಲದ ಮೇಲೆ ಚಾರ್ಜು ಮಾಡಿ. ಮಲಗುವ ಕೋಣೆ ಬೇಡ, ಒಣ ಅಡಕೆಯ ಗೋಣಿಯ ಬಳಿ ಬೇಡವೇ ಬೇಡ. ಬಿಸಿಲಿನಿಂದ ಬಂದ ಬ್ಯಾಟರಿ ತಣಿಯಲಿ. ತುಲಾ ಮಾಸದ ಸಂಜೆ ಗುಡುಗು ಕೇಳಿದರೆ ಮೊದಲು ಪ್ಲಗ್ಗು ಕೀಳಿ. ನಮ್ಮ ಕಡೆಯ ಸಿಡಿಲು ಹೇಗೆಂದು ನಾನು ಹೇಳಬೇಕಾಗಿಲ್ಲ.

ಈಚೆಗೆ ಇನ್ನೊಂದು ಸಮಸ್ಯೆ ಶುರುವಾಗಿದೆ. ನಾನು ಊಟವಾಗಿ ಒರಗಿದ ಹೊತ್ತಿನಲ್ಲಿ ಮನೆಯವಳು ಸೀಟು ತಗ್ಗಿಸಿ ಅಂಗಳದಲ್ಲಿ ಸುತ್ತು ಹೊಡೆಯುತ್ತಿದ್ದಳು. ಹೋದ ವಾರ ಯಾರಿಗೂ ಹೇಳದೆ ತಂಗಿಯ ಮನೆಗೆ ಹೋಗಿ ಬಂದಳು. ಈಗ ಬೆಳಿಗ್ಗೆ ಹಾಲಿಗೆ ಹೊರಡುವ ಮೊದಲು ಸೀಟು ಏರಿಸುವುದು, ಬ್ಯಾಟರಿ ಎಷ್ಟು ಉಳಿಸಿದ್ದಾಳೆಂದು ನೋಡುವುದು ನನ್ನ ಕೆಲಸ.