ವಿಮಾನ ಕುಲುಕಿದಾಗ: ಗಾಯಾಳುಗಳಿಗೆ ಮೊದಲ ಆರೈಕೆ ಹೇಗೆ ನಡೆಯುತ್ತದೆ?

ವಿಮಾನ ಪ್ರಯಾಣ ಈಗ ನಮ್ಮ ಮನೆಗಳಿಗೆ ಹೊಸದಲ್ಲ. ಮಂಗಳೂರಿನಿಂದ ಗಲ್ಫ್‌ಗೆ ದುಡಿಯಲು ಹೋಗುವವರು, ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಗಂಡನ ಬಳಿಗೆ ಹೋಗುವ ತಾಯಂದಿರು, ವಯಸ್ಸಾದ ತಂದೆ-ತಾಯಿಯ ಜೊತೆ ಉಮ್ರಾಕ್ಕೆ ಹೊರಡುವವರು, ಬೆಂಗಳೂರಿನಿಂದ ಹಜ್ಜ್ ವಿಮಾನ ಹತ್ತುವವರು ಪ್ರತಿ ವರ್ಷ ಇದ್ದೇ ಇದ್ದಾರೆ. ಪ್ರಯಾಣದ ದುಆ ಓದುತ್ತೇವೆ, ಔಷಧಿಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳುತ್ತೇವೆ. ಆದರೆ ಹಾರಾಟದ ನಡುವೆ ವಿಮಾನ ಜೋರಾಗಿ ಕುಲುಕಿ ಯಾರಿಗಾದರೂ ಪೆಟ್ಟಾದರೆ ಏನು ಮಾಡಬೇಕು, ಸಿಬ್ಬಂದಿ ಏನು ಮಾಡುತ್ತಾರೆ ಎಂಬುದನ್ನು ಹೆಚ್ಚಿನವರು ಯೋಚಿಸಿರುವುದಿಲ್ಲ.

2024ರ ಮೇ 21ರಂದು ಲಂಡನ್‌ನಿಂದ ಸಿಂಗಾಪುರಕ್ಕೆ ಹೊರಟಿದ್ದ ಸಿಂಗಾಪುರ್ ಏರ್‌ಲೈನ್ಸ್‌ನ ಎಸ್‌ಕ್ಯೂ 321 ವಿಮಾನದಲ್ಲಿ 211 ಪ್ರಯಾಣಿಕರು ಮತ್ತು 18 ಸಿಬ್ಬಂದಿ ಇದ್ದರು. ಮ್ಯಾನ್ಮಾರ್‌ನ ಮೇಲೆ 37,000 ಅಡಿ ಎತ್ತರದಲ್ಲಿ ಅದು ತೀವ್ರ ಟರ್ಬ್ಯುಲೆನ್ಸ್‌ಗೆ, ಅಂದರೆ ಗಾಳಿಯ ಪ್ರಕ್ಷುಬ್ಧತೆಗೆ, ಸಿಕ್ಕಿತು. ಸೀಟ್ ಬೆಲ್ಟ್ ದೀಪ ಹಾಕಿದ್ದಾಗಿ ಪೈಲಟ್ ಹೇಳಿದ 8 ಸೆಕೆಂಡಿನೊಳಗೆ ಭಾರಿ ಹೊಡೆತ ಬಿತ್ತು. ಮೊದಲ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚಿನ ಅವಧಿಯಲ್ಲೇ ಬೆಲ್ಟ್ ಕಟ್ಟದವರು ಸೀಟಿನಿಂದ ಮೇಲಕ್ಕೆ ಹಾರಿದರು. ನಂತರದ 4 ಸೆಕೆಂಡಿನಲ್ಲಿ ಕೆಳಕ್ಕೆ ಅಪ್ಪಳಿಸಿದರು. ಅಷ್ಟರಲ್ಲಿ ವಿಮಾನ ಇಳಿದದ್ದು 178 ಅಡಿ ಮಾತ್ರ. 73 ವರ್ಷದ ಪ್ರಯಾಣಿಕರೊಬ್ಬರು ತೀರಿಕೊಂಡರು. ಹೃದಯಾಘಾತದ ಶಂಕೆ ವ್ಯಕ್ತವಾಯಿತು. ಬ್ಯಾಂಕಾಕ್‌ನ ಆಸ್ಪತ್ರೆ ಸೇರಿದವರಲ್ಲಿ 22 ಮಂದಿಗೆ ಬೆನ್ನುಹುರಿ, ಬೆನ್ನೆಲುಬಿನ ಪೆಟ್ಟಾಗಿತ್ತು, 6 ಮಂದಿಗೆ ತಲೆಬುರುಡೆ ಮತ್ತು ಮೆದುಳಿಗೆ ಪೆಟ್ಟಾಗಿತ್ತು.

ಹೊಡೆತ ಬಿದ್ದ ಮೇಲೆ ವಿಮಾನ ಬ್ಯಾಂಕಾಕ್‌ನಲ್ಲಿ ಇಳಿಯಲು ಸುಮಾರು 55 ನಿಮಿಷ ಬೇಕಾಯಿತು. ಆ 55 ನಿಮಿಷ ಗಾಯಾಳುಗಳ ಆಸ್ಪತ್ರೆ, ಆಂಬುಲೆನ್ಸ್ ಎಲ್ಲವೂ ವಿಮಾನದ ಒಳಗೇ ಇತ್ತು. ಆರೈಕೆ ಮಾಡಿದವರಲ್ಲಿ ಸ್ವತಃ ಪೆಟ್ಟು ತಿಂದ ಸಿಬ್ಬಂದಿಯೂ ಇದ್ದರು.

ಇದ್ದಕ್ಕಿದ್ದಂತೆ ಕುಲುಕುವುದು ಏಕೆ?

ಗಾಳಿಯೂ ಹೊಳೆಯ ನೀರಿನಂತೆ ಹರಿಯುತ್ತದೆ. ಗುಡುಗು ಮೋಡಗಳ ಒಳಗೆ ಅದು ರಭಸದಿಂದ ಮೇಲೆ ಕೆಳಗೆ ಚಲಿಸುತ್ತದೆ. ಬೆಟ್ಟಸಾಲುಗಳನ್ನು ದಾಟುವಾಗ ಅಲೆಯೇಳುತ್ತದೆ. ಬಹಳ ಎತ್ತರದಲ್ಲಿ ವೇಗವಾಗಿ ಬೀಸುವ ಗಾಳಿಯ ಪ್ರವಾಹದ ಅಂಚಿನಲ್ಲೂ ಸುಳಿಗಳಿರುತ್ತವೆ. ವಿಮಾನದ ಹವಾಮಾನ ರಾಡಾರ್ ಮಳೆಹನಿಗಳನ್ನು ಗುರುತಿಸುತ್ತದೆ. ಮೋಡವೇ ಇಲ್ಲದ ಸ್ವಚ್ಛ ಆಕಾಶದಲ್ಲಿರುವ ಸುಳಿ ಅದಕ್ಕೆ ಕಾಣುವುದಿಲ್ಲ. ಕಿಟಕಿಯಾಚೆ ನೀಲಿ ಆಕಾಶವಿದ್ದರೂ ಎಚ್ಚರಿಕೆ ಸಿಗದೆ ಹೊಡೆತ ಬೀಳುವುದು ಇದರಿಂದಲೇ. ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರ ಪ್ರಕಾರ, ಉತ್ತರ ಅಟ್ಲಾಂಟಿಕ್ ಮಾರ್ಗದಲ್ಲಿ ಇಂತಹ ತೀವ್ರ ಪ್ರಕ್ಷುಬ್ಧತೆ 1979ರಿಂದ 2020ರ ನಡುವೆ ಶೇ. 55ರಷ್ಟು ಹೆಚ್ಚಿದೆ.

ಇಷ್ಟಾದರೂ ಗಾಬರಿ ಬೇಡ. ಇಂತಹ ಅಲುಗಾಟವನ್ನು ತಾಳಿಕೊಳ್ಳುವಂತೆಯೇ ವಿಮಾನಗಳನ್ನು ಕಟ್ಟಿರುತ್ತಾರೆ. ಅಪಾಯವಿರುವುದು ಹೆಚ್ಚಾಗಿ ಒಳಗೆ ಕಟ್ಟದೆ ಬಿಟ್ಟ ವಸ್ತುಗಳಿಗೆ ಮತ್ತು ಬೆಲ್ಟ್ ಕಟ್ಟದೆ ಕುಳಿತ ಮನುಷ್ಯರಿಗೆ.

ಸಿಬ್ಬಂದಿ ಮೊದಲು ತಾವು ಕುಳಿತುಕೊಳ್ಳುವುದೇಕೆ?

"ನನ್ನ ಉಮ್ಮ ಕೆಳಗೆ ಬಿದ್ದು ನರಳುತ್ತಿದ್ದರು. ಗಗನಸಖಿ ಸೀಟ್ ಬಿಟ್ಟು ಏಳಲಿಲ್ಲ" ಎಂದು ಬೇಸರಪಡುವವರಿದ್ದಾರೆ. ಅದು ನಿರ್ಲಕ್ಷ್ಯವಲ್ಲ, ಅವರಿಗೆ ಕಲಿಸಿದ ಮೊದಲ ಪಾಠ. ತೀವ್ರವಾಗಿ ಕುಲುಕುವಾಗ ಟ್ರಾಲಿಯ ಬ್ರೇಕ್ ಹಾಕಿ, ಬಿಸಿ ಪಾತ್ರೆಯನ್ನು ಕೆಳಗಿಟ್ಟು, ಹತ್ತಿರದ ಖಾಲಿ ಸೀಟಿನಲ್ಲಿ ಕುಳಿತು ಅವರು ಬೆಲ್ಟ್ ಕಟ್ಟಿಕೊಳ್ಳಬೇಕು. ಸೀಟ್ ಸಿಗದಿದ್ದರೆ ನೆಲದಲ್ಲೇ ಕುಳಿತು ಏನನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅವರೇ ಬಿದ್ದರೆ ಉಳಿದವರನ್ನು ಎತ್ತುವವರು ಯಾರು?

ಅವರ ಕೆಲಸವೇ ಓಡಾಟದ್ದು, ಆದ್ದರಿಂದ ಹೆಚ್ಚು ಪೆಟ್ಟು ಬೀಳುವುದೂ ಅವರಿಗೇ. ಅಮೆರಿಕದ ವಿಮಾನಯಾನ ಇಲಾಖೆಯ ಲೆಕ್ಕದಂತೆ 2009ರಿಂದ 2022ರವರೆಗೆ ಟರ್ಬ್ಯುಲೆನ್ಸ್‌ನಿಂದ ಗಂಭೀರವಾಗಿ ಗಾಯಗೊಂಡ 163 ಜನರಲ್ಲಿ 129 ಮಂದಿ ಸಿಬ್ಬಂದಿ. 2024ರ ಮೇ 26ರಂದು ದೋಹಾದಿಂದ ಡಬ್ಲಿನ್‌ಗೆ ಹೋಗುತ್ತಿದ್ದ ವಿಮಾನ ಟರ್ಕಿಯ ಮೇಲೆ ಕುಲುಕಿದಾಗ ಗಾಯಗೊಂಡ 12 ಮಂದಿಯಲ್ಲಿ 6 ಮಂದಿ ಸಿಬ್ಬಂದಿಯೇ ಆಗಿದ್ದರು.

ಅಲುಗಾಟ ನಿಂತ ಮೇಲೆ

ಎದ್ದು ಓಡಾಡಬಹುದು ಎಂಬ ಸೂಚನೆ ಸಿಕ್ಕಿದ ಕೂಡಲೇ ಕೆಲಸ ಒಂದು ಕ್ರಮದಲ್ಲಿ ನಡೆಯುತ್ತದೆ. ಯಾವ ಸಹೋದ್ಯೋಗಿಗೆ ಪೆಟ್ಟಾಗಿದೆ, ಯಾರು ಕೆಲಸ ಮಾಡಬಲ್ಲರು ಎಂದು ನೋಡುತ್ತಾರೆ. ಇಂಟರ್‌ಕಾಮ್‌ನಲ್ಲಿ ಕ್ಯಾಪ್ಟನ್‌ಗೆ ಗಾಯಾಳುಗಳ ಸಂಖ್ಯೆ, ಗಾಯದ ಸ್ವರೂಪ ತಿಳಿಸುತ್ತಾರೆ. ಹತ್ತಿರದ ವಿಮಾನ ನಿಲ್ದಾಣದಲ್ಲಿ ಇಳಿಯಬೇಕೇ, ಎಷ್ಟು ಆಂಬುಲೆನ್ಸ್ ಬೇಕು ಎಂಬುದು ಈ ಮಾಹಿತಿಯ ಮೇಲೆ ನಿಂತಿದೆ. ಶೌಚಾಲಯದಲ್ಲಿ ಯಾರಾದರೂ ಬಿದ್ದಿದ್ದಾರೆಯೇ ಎಂದು ಬಾಗಿಲು ತಟ್ಟಿ ನೋಡುತ್ತಾರೆ. ಪ್ರಯಾಣಿಕರಲ್ಲಿ ಡಾಕ್ಟರ್, ನರ್ಸ್ ಇದ್ದರೆ ಮುಂದೆ ಬನ್ನಿ ಎಂದು ಮೈಕಿನಲ್ಲಿ ಕೇಳುತ್ತಾರೆ. ಹಲವು ವಿಮಾನಗಳಿಂದ ನೆಲದ ಮೇಲಿರುವ ವೈದ್ಯರ ಜೊತೆ ನೇರವಾಗಿ ಮಾತಾಡಿ ಸಲಹೆ ಪಡೆಯುವ ವ್ಯವಸ್ಥೆಯೂ ಇದೆ.

ಹಲವರಿಗೆ ಪೆಟ್ಟಾದಾಗ ಮೊದಲ ಆರೈಕೆ ಜೋರಾಗಿ ಕೂಗುವವರಿಗೆ ಸಿಗಬೇಕೆಂದಿಲ್ಲ. ಕೂಗುವವರು ಉಸಿರಾಡುತ್ತಿದ್ದಾರೆ. ಸುಮ್ಮನೆ ಬಿದ್ದಿರುವವರು, ಉಸಿರು ಸಿಗದವರು, ರಕ್ತ ಸುರಿಯುತ್ತಿರುವವರು ಮೊದಲು. ನಮ್ಮವರ ಸರದಿ ತಡವಾದರೆ ಸಹನೆ ಇರಲಿ.

ಯಾವ ಗಾಯಕ್ಕೆ ಏನು?

ತಲೆ ಮತ್ತು ಕುತ್ತಿಗೆಯ ಪೆಟ್ಟು: ತಲೆ ಮೇಲ್ಛಾವಣಿಗೆ ಬಡಿದಾಗ ಕುತ್ತಿಗೆಯ ಮೂಳೆಗೂ ಪೆಟ್ಟಾಗಿರಬಹುದು. ನಾವು ಸಾಮಾನ್ಯವಾಗಿ ಮಾಡುವ ತಪ್ಪು ಬಿದ್ದವರನ್ನು ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸುವುದು. ಕುತ್ತಿಗೆ ನೋವು, ಕೈಕಾಲು ಜೋಮು ಅಥವಾ ಬಲಹೀನತೆ ಇದ್ದರೆ ಅಲುಗಾಡಿಸಬಾರದು. ಸಿಬ್ಬಂದಿ ತಲೆಯನ್ನು ಎರಡೂ ಕಡೆಯಿಂದ ಸ್ಥಿರವಾಗಿ ಹಿಡಿಯುತ್ತಾರೆ, ಸುತ್ತಲೂ ದಿಂಬು, ಕಂಬಳಿ ಇಡುತ್ತಾರೆ. ಉಸಿರಾಟಕ್ಕೇ ತೊಂದರೆಯಾದರೆ ಮಾತ್ರ ಸರಿಸುತ್ತಾರೆ.

ರಕ್ತಸ್ರಾವ: ಸ್ವಚ್ಛ ಬಟ್ಟೆಯನ್ನು ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ನಿಂತಿತೇ ಎಂದು ಪದೇ ಪದೇ ತೆಗೆದು ನೋಡಬಾರದು. ಬಟ್ಟೆ ಒದ್ದೆಯಾದರೆ ಅದರ ಮೇಲೆಯೇ ಇನ್ನೊಂದಿಟ್ಟು ಒತ್ತಬೇಕು. ಇತರರ ರಕ್ತ ಬರಿಗೈಗೆ ತಾಗದಂತೆ ಕೈಗವಸು ಕೇಳಿ ಪಡೆಯಿರಿ.

ಸುಟ್ಟ ಗಾಯ: ಚಹಾ, ಕಾಫಿ ಚೆಲ್ಲಿದರೆ ತಣ್ಣನೆಯ ನೀರನ್ನು 20 ನಿಮಿಷ ಸುರಿಯಬೇಕು. ವಿಮಾನದಲ್ಲಿ ಬಾಟಲಿ ನೀರೇ ಆಸರೆ. ಬಿಸಿ ನೀರು ಹೀರಿದ ಬಟ್ಟೆಯನ್ನು ಬೇಗ ತೆಗೆಯಬೇಕು. ಚರ್ಮಕ್ಕೆ ಅಂಟಿಕೊಂಡಿದ್ದರೆ ಎಳೆಯಬಾರದು. ಊದುವ ಮೊದಲೇ ಉಂಗುರ, ಬಳೆ ಕಳಚಿ. ಐಸ್, ಟೂತ್‌ಪೇಸ್ಟ್, ಎಣ್ಣೆ ಹಚ್ಚಬೇಡಿ.

ಮೂಳೆ ಮುರಿತ: ಕಾಲಿನ ಗಿಣ್ಣು, ಮಣಿಕಟ್ಟು ಮುರಿಯುವುದು ಸಾಮಾನ್ಯ. ಮಡಚಿದ ಪತ್ರಿಕೆಯನ್ನು ಆಧಾರವಾಗಿಟ್ಟು ಬಟ್ಟೆಯಿಂದ ಕಟ್ಟಬಹುದು. ನೇರ ಮಾಡಲು ತಿಕ್ಕುವುದು, ಎಳೆಯುವುದು ಕೂಡದು.

ಎದೆನೋವು, ಪ್ರಜ್ಞೆ ತಪ್ಪುವುದು: ಭಯ ಮತ್ತು ಆಘಾತದಿಂದ ಹೃದ್ರೋಗಿಗಳಿಗೆ ತೊಂದರೆಯಾಗಬಹುದು. ವಿಮಾನದಲ್ಲಿ ಆಕ್ಸಿಜನ್ ಸಿಲಿಂಡರ್, ವೈದ್ಯರು ಬಳಸುವ ಔಷಧಿ ಪೆಟ್ಟಿಗೆ, ಹಲವು ವಿಮಾನಗಳಲ್ಲಿ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರವೂ ಇರುತ್ತದೆ. ರೋಗಿಯ ಕಾಯಿಲೆ ಮತ್ತು ಮಾತ್ರೆಗಳ ಪಟ್ಟಿಯನ್ನು ಇಂಗ್ಲಿಷ್‌ನಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಂಡರೆ ಇಲ್ಲಿ ಅದೇ ದೊಡ್ಡ ಸಹಾಯ.

ಪರ್ದಾ, ಇಹ್ರಾಮ್ ಮತ್ತು ಚಿಕಿತ್ಸೆ

ಸ್ಕಾರ್ಫ್‌ನ ಒಳಗೆ ರಕ್ತ ಹರಿಯುತ್ತಿದ್ದರೂ ಕೆಲವು ತಾಯಂದಿರು ಸಂಕೋಚದಿಂದ ತೋರಿಸುವುದಿಲ್ಲ. ತಲೆಯ ಗಾಯ ಮುಚ್ಚಿಡುವಂಥದ್ದಲ್ಲ. ಮಹಿಳಾ ಸಿಬ್ಬಂದಿಯನ್ನು ಕೇಳಬಹುದು, ಕಂಬಳಿಯನ್ನು ಮರೆಯಾಗಿ ಹಿಡಿಯಲು ಹೇಳಬಹುದು. ಆ ಹೊತ್ತಿಗೆ ಪುರುಷ ವೈದ್ಯರೇ ಇದ್ದರೆ, ಅನಿವಾರ್ಯ ಸಂದರ್ಭದಲ್ಲಿ ಚಿಕಿತ್ಸೆಗೆ ಬೇಕಾದಷ್ಟನ್ನು ತೋರಿಸಲು ಶರೀಅತ್‌ನಲ್ಲಿ ಅವಕಾಶವಿದೆ. ಇಹ್ರಾಮ್‌ನಲ್ಲಿರುವ ಪುರುಷರೂ ತಲೆಗೆ ಪಟ್ಟಿ ಕಟ್ಟಿಸಿಕೊಳ್ಳಲು ಹಿಂಜರಿಯಬಾರದು. ಫಿದ್ಯಾದ ವಿಚಾರವನ್ನು ನಂತರ ಉಲಮಾಗಳಲ್ಲಿ ಕೇಳಿಕೊಳ್ಳಬಹುದು.

ನಮಾಝ್‌ನ ವಿಷಯದಲ್ಲೂ ಎಚ್ಚರ ಬೇಕು. ಸೀಟ್ ಬೆಲ್ಟ್ ದೀಪ ಉರಿಯುವಾಗ ನಡುದಾರಿಯಲ್ಲಿ ಎದ್ದು ನಿಲ್ಲುವುದು ತನಗೂ ಇತರರಿಗೂ ಅಪಾಯ. ನಿಂತು ನಿರ್ವಹಿಸಲು ಸಾಧ್ಯವಾಗದವರಿಗೆ ಕುಳಿತು ನಮಾಝ್ ಮಾಡುವ ರಿಯಾಯಿತಿಯನ್ನು ಪ್ರವಾದಿ(ಸ) ಕೊಟ್ಟಿದ್ದಾರೆ. ವುಝೂ ಅನ್ನು ವಿಮಾನ ಹತ್ತುವ ಮೊದಲೇ ಮಾಡಿಕೊಂಡರೆ ಶೌಚಾಲಯದ ಮುಂದೆ ನಿಲ್ಲುವ ಹೊತ್ತೂ ಉಳಿಯುತ್ತದೆ.

ನಾವು ಮಾಡಬೇಕಾದದ್ದು

• ದೀಪ ಆರಿದ್ದರೂ, ಮಲಗಿದ್ದರೂ ಬೆಲ್ಟ್ ಕಟ್ಟಿರಲಿ. ಅದು ಹೊಟ್ಟೆಯ ಮೇಲಲ್ಲ, ಸೊಂಟದ ಕೆಳಭಾಗದಲ್ಲಿ ಬಿಗಿಯಾಗಿರಬೇಕು. ಗರ್ಭಿಣಿಯರು ಹೊಟ್ಟೆಯ ಕೆಳಗೆ ಕಟ್ಟಬೇಕು. ಹೊದಿಕೆ ಹೊದ್ದರೆ ಅದರ ಮೇಲೆ ಕಟ್ಟಿ. ಸಿಬ್ಬಂದಿ ಎಬ್ಬಿಸಬೇಕಾಗಿ ಬರುವುದಿಲ್ಲ.

• ಮಡಿಲ ಮಗುವನ್ನು ನಿಮ್ಮ ಬೆಲ್ಟಿನೊಳಗೆ ಸೇರಿಸಿ ಕಟ್ಟಬೇಡಿ. ಹೊಡೆತ ಬಿದ್ದಾಗ ನಿಮ್ಮ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ಮಗುವಿನ ಬೆಲ್ಟ್ ಕೇಳಿ ಪಡೆಯಿರಿ. ಕುಲುಕಿದಾಗ ಬರೀ ಕೈಯಲ್ಲಿ ಹಿಡಿದ ಮಗು ಜಾರಿಹೋಗಬಹುದು.

• ಖರ್ಜೂರದ ಡಬ್ಬ, ಪರ್ಫ್ಯೂಮ್ ಬಾಟಲಿಯಂತಹ ಭಾರದ ವಸ್ತುಗಳನ್ನು ಮೇಲಿನ ಕಪಾಟಿನಲ್ಲಿ ಸಡಿಲವಾಗಿ ಇಡಬೇಡಿ.

• ಪೆಟ್ಟಾಗಿದ್ದರೆ ವಿಮಾನ ಇಳಿಯುವ ಮೊದಲೇ ಸಿಬ್ಬಂದಿಗೆ ಹೇಳಿ ದಾಖಲಿಸಿ. ವೈದ್ಯರ ಚೀಟಿಗಳನ್ನು ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ಹಾರಾಟದಲ್ಲಾದ ಗಾಯಕ್ಕೆ ಮಾಂಟ್ರಿಯಲ್ ಒಪ್ಪಂದದಡಿ 2 ವರ್ಷದೊಳಗೆ ಪರಿಹಾರ ಕೇಳಬಹುದು.

• ಮನೆ ತಲುಪಿದ ಮೇಲೂ ಎರಡು ದಿನ ಗಮನವಿಡಿ. ಹೆಚ್ಚುವ ತಲೆನೋವು, ವಾಂತಿ, ಅತಿಯಾದ ನಿದ್ದೆ, ತೊದಲು ಮಾತು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ತಲೆಗೆ ಸಣ್ಣ ಪೆಟ್ಟಾದರೂ ತೋರಿಸಿಕೊಳ್ಳಲಿ. ಗರ್ಭಿಣಿಯರ ಹೊಟ್ಟೆಗೆ ಪೆಟ್ಟಾಗಿದ್ದರೆ ನೋವಿಲ್ಲದಿದ್ದರೂ ಪರೀಕ್ಷೆ ಬೇಕು.

ಒಂಟೆಯನ್ನು ಕಟ್ಟಬೇಕೇ, ಅಲ್ಲಾಹನ ಮೇಲೆ ಭರವಸೆಯಿಟ್ಟು ಬಿಡಬೇಕೇ ಎಂದು ಕೇಳಿದವರಿಗೆ ಪ್ರವಾದಿ(ಸ) ಕೊಟ್ಟ ಉತ್ತರ ನಮ್ಮ ಮಕ್ಕಳಿಗೂ ಗೊತ್ತು. ವಿಮಾನದಲ್ಲಿ ಕುಳಿತವರಿಗೆ ಆ ಹಗ್ಗವೆಂದರೆ ಸೀಟ್ ಬೆಲ್ಟ್. ಮೊದಲು ಅದನ್ನು ಕಟ್ಟೋಣ, ಪಕ್ಕದಲ್ಲಿರುವ ಉಮ್ಮನಿಗೂ ಕಟ್ಟಿಕೊಡೋಣ, ಆಮೇಲೆ ದುಆ ಓದಿ ತವಕ್ಕುಲ್ ಮಾಡೋಣ.