ಮೊದಲು ನಕ್ಷೆ, ಆಮೇಲೆ ಅಕ್ಷರ

ಉಗಾಂಡಾದ ಪಶ್ಚಿಮ ಗಡಿಯಲ್ಲಿ, ರುವೆಂಜೋರಿ ಬೆಟ್ಟಸಾಲಿನ ಆಚೆ ಮಗ್ಗುಲಿಗೆ ಬುಂಡಿಬುಗ್ಯೊ ಎಂಬ ಜಿಲ್ಲೆಯಿದೆ. ಕಾಫಿ, ಕೋಕೊ ಬೆಳೆಯುವ ಸೀಮೆ. ಕೆಳಗೆ ಸೆಮ್ಲಿಕಿ ನದಿ, ನದಿಯಾಚೆ ಕಾಂಗೊ. 1993ರಲ್ಲಿ ಇಲ್ಲಿನ ಹಳ್ಳಿಗಳಲ್ಲಿ ದೊಡ್ಡವರಿಗೆ ಓದುಬರಹ ಕಲಿಸುವ ಕೂಟಗಳು ಶುರುವಾದವು. ಕಲಿಯಲು ಬಂದವರ ಕೈಗೆ ಯಾರೂ ಪುಸ್ತಕ ಕೊಡಲಿಲ್ಲ. ದುಡ್ಡಿಲ್ಲದೆ ಅಲ್ಲ, ಪುಸ್ತಕ ಬೇಡವೆಂದು ಮೊದಲೇ ತೀರ್ಮಾನವಾಗಿತ್ತು.

ಬದಲಿಗೆ ಊರನ್ನೇ ನೆಲದ ಮೇಲೆ ಬರೆಯುವುದು. ಕಡ್ಡಿಯಲ್ಲಿ ಗೀರಿದ್ದು ದಾರಿ, ಎಲೆ ಇಟ್ಟಲ್ಲಿ ತೋಟ, ಕಲ್ಲು ಇಟ್ಟಲ್ಲಿ ಮನೆ. ನೀರಿನ ಸೆಲೆ ಎಲ್ಲಿ, ಯಾರ ಜಮೀನು ಎಲ್ಲಿಗೆ ಮುಗಿಯುತ್ತದೆ ಎಂಬುದರ ಮೇಲೆ ಚರ್ಚೆ ಹತ್ತುತ್ತದೆ. ಗೀಟು ಅಳಿಸಿ ಮತ್ತೆ ಎಳೆಯುತ್ತಾರೆ. ಇನ್ನೊಂದು ದಿನ ಹನ್ನೆರಡು ತಿಂಗಳ ಮನೆಗಳನ್ನು ಎಳೆದು, ಯಾವ ತಿಂಗಳು ಯಾರಿಗೆ ಎಷ್ಟು ದುಡಿತ ಎಂದು ಕಾಳು ಇಡುತ್ತಾರೆ: ಗಂಡಸರದು ಒಂದು ಸಾಲು, ಹೆಂಗಸರದು ಇನ್ನೊಂದು. ಭಾಷಣದಲ್ಲಿ ಹೇಳಿದ್ದರೆ ಗಂಡಸರು ತಲೆಯಾಡಿಸಿ ಎದ್ದು ಹೋಗಬಹುದಾಗಿದ್ದ ಮಾತು ಇಲ್ಲಿ ಕಾಳಿನ ಗುಡ್ಡೆಯಾಗಿ ಎದುರಿಗೆ ಬಿದ್ದಿರುತ್ತದೆ. ಗುಡ್ಡೆ ತಪ್ಪು ಎನ್ನುವವನು ಕೈ ಹಾಕಿ ಕಾಳು ತೆಗೆಯಬೇಕು, ಅದೂ ಹೆಂಡತಿಯ ಕಣ್ಣೆದುರು.

ನೆಲದ ಚಿತ್ರ ಒಪ್ಪಿತವಾದ ಮೇಲೆ ಅದು ದೊಡ್ಡ ಹಾಳೆಗೆ ಏರುತ್ತದೆ. ಕಾಳಿನ ಜಾಗದಲ್ಲಿ ಸರಳವಾದ ಚಿತ್ರ, ಚಿತ್ರದ ಪಕ್ಕದಲ್ಲಿ ಅದರ ಹೆಸರು. ಆ ಹೆಸರನ್ನು ಒಡೆದು ಅಕ್ಷರ ಕಲಿಯುವುದು, ಅಕ್ಷರ ಕೂಡಿಸಿ ಹೊಸ ಮಾತು ಕಟ್ಟುವುದು, ಕೊನೆಗೆ ತಮ್ಮದೇ ಒಂದೆರಡು ವಾಕ್ಯ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುವುದು. ಲೆಕ್ಕಕ್ಕೆ ಒಂದು ಮರ: ಬೇರುಗಳೆಲ್ಲ ಮನೆಯ ವರಮಾನ, ಕೊಂಬೆಗಳೆಲ್ಲ ಖರ್ಚು. ಹೀಗೆ ಮುಂದುವರಿದ ಕೂಟದ ಕೈಯಲ್ಲಿ ಕೊನೆಗೆ ಇಪ್ಪತ್ತು ಮೂವತ್ತು ನಕ್ಷೆ, ಪಟ್ಟಿ, ಪಂಚಾಂಗಗಳು ಉಳಿಯುತ್ತವೆ. ಊರಿನ ಬಗ್ಗೆ ಅಷ್ಟು ವಿವರ ಎಷ್ಟೋ ಸರ್ಕಾರಿ ಕಡತಗಳಲ್ಲೂ ಇರುವುದಿಲ್ಲ.

ಈ ಪದ್ಧತಿಗೆ ರಿಫ್ಲೆಕ್ಟ್ ಎಂದು ಹೆಸರು. ರೂಪಿಸಿದವರು ಆ್ಯಕ್ಷನ್‌ಏಡ್ ಸಂಸ್ಥೆಯ ಡೇವಿಡ್ ಆರ್ಚರ್ ಮತ್ತು ಸಾರಾ ಕಾಟಿಂಗ್‌ಹ್ಯಾಮ್. ಆದರೆ ಇದರ ವಂಶಾವಳಿ ಹುಡುಕುತ್ತ ಹೋದರೆ ಒಂದು ಕವಲು ಬ್ರೆಜಿಲಿಗೆ ಒಯ್ಯುತ್ತದೆ, ಇನ್ನೊಂದು ನಮ್ಮ ಬೆಂಗಳೂರಿಗೂ ಬರುತ್ತದೆ.

ಬ್ರೆಜಿಲಿನ ಕವಲು ಹೆಚ್ಚು ಪ್ರಸಿದ್ಧ. 1963ರಲ್ಲಿ ಆಂಜಿಕೋಸ್ ಎಂಬ ಪಟ್ಟಣದಲ್ಲಿ ಪಾವ್ಲೊ ಫ್ರೇರೆ ಮತ್ತು ಸಂಗಡಿಗರು ಸುಮಾರು 300 ಮಂದಿ ದುಡಿಯುವವರಿಗೆ ನಲವತ್ತು ಗಂಟೆಗಳ ಪಾಠದಲ್ಲಿ ಓದುಬರಹ ಕಲಿಸಲು ಹೊರಟರು. ಕಲಿಯುವವರ ಬದುಕಿನಿಂದಲೇ ಆಯ್ದ ಕೆಲವೇ ಪದಗಳು, ಉದಾಹರಣೆಗೆ ಇಟ್ಟಿಗೆ. ಆ ಪದದ ಸುತ್ತ ಮೊದಲು ಮಾತುಕತೆ: ಇಟ್ಟಿಗೆ ಹೊರುವವನು ಯಾರು, ಮನೆ ಯಾರದು? ಆಮೇಲೆ ನಮ್ಮ ಕಾಗುಣಿತದಂತೆ ಅದರ ಒಂದೊಂದು ಉಚ್ಚಾರಾಂಶಕ್ಕೂ ಸ್ವರ ಬದಲಿಸಿ ಬದಲಿಸಿ ಹೊಸ ಪದ ಕಟ್ಟುವುದು. ಕೊನೆಯ ಪಾಠಕ್ಕೆ ಅಧ್ಯಕ್ಷ ಗೌಲಾರ್ಟ್ ಅವರೇ ಬಂದಿದ್ದರು. ಮರುವರ್ಷ ಸೇನೆ ಅಧಿಕಾರ ಹಿಡಿಯಿತು, ಫ್ರೇರೆ ಸೆರೆಮನೆ ಸೇರಿ ಅಲ್ಲಿಂದ ದೇಶಾಂತರ ಹೋದರು. ಓದು ಬಾರದವರಿಗೆ ಮತದಾನದ ಹಕ್ಕೇ ಇಲ್ಲದ ದೇಶದಲ್ಲಿ ಲಕ್ಷಾಂತರ ಜನ ಓದಲು ಕಲಿತರೆ ಏನಾಗುತ್ತದೆಂದು ಸೇನಾಧಿಕಾರಿಗಳು ಬೇಗ ಊಹಿಸಿರಬೇಕು.

ಫ್ರೇರೆ ಆಫ್ರಿಕಾಕ್ಕೂ ಬಂದರು. ಪೋರ್ಚುಗೀಸರಿಂದ ಆಗಷ್ಟೇ ಬಿಡುಗಡೆ ಪಡೆದ ಗಿನಿ ಬಿಸ್ಸಾವ್ 1975ರ ಹೊತ್ತಿಗೆ ಅವರನ್ನು ಕರೆಸಿಕೊಂಡಿತು. ಸಾಕ್ಷರತೆಗೆ ಹೊಸ ಸರ್ಕಾರ ಆರಿಸಿಕೊಂಡ ಭಾಷೆ ಪೋರ್ಚುಗೀಸ್. ಹಳ್ಳಿಯವರು ಮನೆಯಲ್ಲಿ, ಸಂತೆಯಲ್ಲಿ ಆಡದ ಭಾಷೆ. ಪಾಠದಲ್ಲಿ ಬದುಕಿನ ಚರ್ಚೆ ನಡೆಯಬೇಕು ಎನ್ನುವ ಪದ್ಧತಿಗೆ ಅಲ್ಲೇ ಉಸಿರು ಕಟ್ಟಿತು. ಫ್ರೇರೆ ತಮ್ಮ ಪತ್ರಗಳನ್ನು ಪುಸ್ತಕವಾಗಿ ತಂದರು, ಪುಸ್ತಕ ಜಗತ್ತನ್ನೆಲ್ಲ ಸುತ್ತಿತು, ಬಿಸ್ಸಾವ್‌ನ ರೈತರು ಮಾತ್ರ ಇದ್ದಲ್ಲೇ ಉಳಿದರು. ಫ್ರೇರೆಯನ್ನು ಕೊಂಡಾಡುವವರು ಈ ಅಧ್ಯಾಯವನ್ನು ಬೇಗ ಮಗುಚಿಹಾಕುವುದುಂಟು. ನನಗೆ ಆಂಜಿಕೋಸ್‌ಗಿಂತ ಇದೇ ಮುಖ್ಯವೆನಿಸುತ್ತದೆ, ಏಕೆಂದರೆ ಬುಂಡಿಬುಗ್ಯೊದಲ್ಲಿ ಮೊದಲು ಎದುರಾದದ್ದು ಇದೇ ಭಾಷೆಯ ಪ್ರಶ್ನೆ.

ಇನ್ನೊಂದು ಕವಲು, ಊರಿನವರೇ ತಮ್ಮ ಊರಿನ ಸಮೀಕ್ಷೆ ಮಾಡಿಕೊಳ್ಳುವ ಪಿಆರ್‌ಎ. ನಮ್ಮಲ್ಲಿ ಜಲಾನಯನ ಯೋಜನೆಗಳಲ್ಲಿ, ಸ್ವಸಹಾಯ ಸಂಘಗಳಲ್ಲಿ ದುಡಿದವರಿಗೆಲ್ಲ ಗೊತ್ತಿರುವ ಹೆಸರು. 1988ರ ಸುಮಾರಿಗೆ ಇದು ಎರಡು ಕಡೆ ಏಕಕಾಲಕ್ಕೆ ಹುಟ್ಟಿತು: ಒಂದು ಕೀನ್ಯಾ, ಇನ್ನೊಂದು ಭಾರತ. ಇಲ್ಲಿ ಗುಜರಾತಿನಲ್ಲಿ ಆಗಾ ಖಾನ್ ಗ್ರಾಮ ಬೆಂಬಲ ಕಾರ್ಯಕ್ರಮ, ಕರ್ನಾಟಕದಲ್ಲಿ ಮೈರಾಡ. ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಅಷ್ಟರಲ್ಲಿ ರೈತರ ನಡುವೆ ಬೇರೂರಿತ್ತು. ಇಂಗ್ಲೆಂಡಿನ ಗ್ರಾಮಾಭಿವೃದ್ಧಿ ತಜ್ಞ ರಾಬರ್ಟ್ ಚೇಂಬರ್ಸ್ ಆ ವರ್ಷಗಳಲ್ಲಿ ಹೈದರಾಬಾದಿನಲ್ಲಿ ನೆಲೆಸಿ ಈ ಪ್ರಯೋಗಗಳ ಜೊತೆ ಓಡಾಡುತ್ತಿದ್ದರು. ಶಾಲೆ ಕಾಣದ ರೈತ ಹೆಂಗಸು ರಂಗೋಲಿ ಪುಡಿಯಲ್ಲಿ ಕೆರೆ, ಕಾಲುವೆ, ಹೊಲಗಳ ನಕ್ಷೆ ಬಿಡಿಸಿದಾಗ ಬೆರಗಾದವರು ಅಧಿಕಾರಿಗಳು, ತಜ್ಞರು. ಆಕೆಗೆ ಅದರಲ್ಲಿ ಬೆರಗೇನೂ ಕಂಡಿರಲಾರದು. 1991ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಪಿಆರ್‌ಎ ತರಬೇತುದಾರರ ಕಾರ್ಯಾಗಾರ ನಡೆಯಿತು. ಅದರ ವರದಿ ಲಂಡನ್ನಿನಲ್ಲಿ ಅಚ್ಚಾಗಿ ನಾನಾ ದೇಶಗಳಿಗೆ ಹೋಯಿತು.

ಆರ್ಚರ್ ಲ್ಯಾಟಿನ್ ಅಮೆರಿಕದ ಸಾಕ್ಷರತಾ ಚಳವಳಿಗಳನ್ನು ಸುತ್ತಿ ನೋಡಿ, 1990ರಲ್ಲಿ ಪ್ಯಾಟ್ರಿಕ್ ಕಾಸ್ಟೆಲೊ ಜೊತೆ ಪುಸ್ತಕ ಬರೆದವರು. ಫ್ರೇರೆಯ ಹೆಸರಿನಲ್ಲಿ ನಡೆಯುತ್ತಿದ್ದ ಎಷ್ಟೋ ತರಗತಿಗಳಲ್ಲಿ ಚರ್ಚೆ ಎರಡು ನಿಮಿಷಕ್ಕೆ ಮುಗಿದು, ಉಳಿದದ್ದೆಲ್ಲ ಉರುಹೊಡೆಯುವುದಾಗಿತ್ತು. ರಾಜಧಾನಿಯಲ್ಲಿ ಯಾರೋ ಬರೆದ ಪ್ರವೇಶಿಕೆ ಕೈಯಲ್ಲಿದ್ದರೆ ಶಿಕ್ಷಕ ಅದರ ಪುಟ ತಿರುಗಿಸುತ್ತಾನೆಯೇ ಹೊರತು ಎದುರಿಗಿದ್ದವರ ಬಾಯಿ ಬಿಡಿಸುವುದಿಲ್ಲ. ಫ್ರೇರೆಯ ಆಶಯ ಇಟ್ಟುಕೊಂಡು ಪ್ರವೇಶಿಕೆ ಕಿತ್ತುಹಾಕಿ, ಆ ಜಾಗದಲ್ಲಿ ಪಿಆರ್‌ಎ ನಕ್ಷೆ ಕೂರಿಸಿದ್ದೇ ರಿಫ್ಲೆಕ್ಟ್. ಮೂರು ಕಡೆ ಪರೀಕ್ಷೆ ನಡೆಯಿತು: ಉಗಾಂಡಾದ ಬುಂಡಿಬುಗ್ಯೊ, ಬಾಂಗ್ಲಾದೇಶದ ಭೋಲಾ ದ್ವೀಪ, ಒಳಯುದ್ಧ ಮುಗಿಸಿ ಎದ್ದಿದ್ದ ಎಲ್ ಸಾಲ್ವಡಾರಿನ ಉಸುಲುತಾನ್. ಬುಂಡಿಬುಗ್ಯೊದಲ್ಲಿ ಸೇರಿದ ವಯಸ್ಕರಲ್ಲಿ ನೂರಕ್ಕೆ 68 ಮಂದಿ ಒಂದು ವರ್ಷದಲ್ಲಿ ಓದುಬರಹದ ಮೊದಲ ಹಂತ ಮುಟ್ಟಿದರು. ಹಳೆಯ ರೀತಿಯ ಪಾಠವಿದ್ದ ಹೋಲಿಕೆಯ ಗುಂಪುಗಳಲ್ಲಿ ಅದು 22 ಮಾತ್ರ. ಪದ್ಧತಿ ಕಟ್ಟಿದವರೇ ಮೌಲ್ಯಮಾಪನಕ್ಕೂ ಕೂತಿದ್ದರೆಂಬುದನ್ನು ನೆನಪಿಟ್ಟೇ ಈ ಅಂಕಿ ಓದಬೇಕು. ಆದರೂ ಅಂತರ ಸಣ್ಣದಲ್ಲ. 1996ರಲ್ಲಿ ಬಂದ ಕೈಪಿಡಿಗೆ ‘ಮದರ್ ಮ್ಯಾನುವಲ್’ ಎಂದು ಹೆಸರಿಟ್ಟರು. ಅದನ್ನು ಹಾಗೆಯೇ ಅನುಸರಿಸದೆ, ಪ್ರತಿ ಸೀಮೆಯೂ ಅದರಿಂದ ತನ್ನ ಕೈಪಿಡಿ ತಾನೇ ಹೆರಬೇಕೆಂಬ ಎಣಿಕೆ.

ಭಾಷೆಯ ಪ್ರಶ್ನೆ ಬುಂಡಿಬುಗ್ಯೊದಲ್ಲಿ ಬರೀ ಪಾಠದ ಪ್ರಶ್ನೆಯಾಗಿರಲಿಲ್ಲ. ಆ ಸೀಮೆ ಹಿಂದೆ ಟೋರೊ ಅರಸೊತ್ತಿಗೆಗೆ ಸೇರಿದ್ದು. ಶಾಲೆ, ಕಚೇರಿಗಳಲ್ಲಿ ಅರಸರ ರುಟೋರೊ ಭಾಷೆಯದೇ ಕಾರುಬಾರು. ಅದರ ವಿರುದ್ಧ ಅಲ್ಲಿನ ಕೊಂಜೊ ಮತ್ತು ಅಂಬಾ ಜನ 1960ರ ದಶಕದಿಂದ ರ್ವೆನ್‌ಜುರುರು ಹೆಸರಿನಲ್ಲಿ ಸಿಡಿದೆದ್ದು, ಬೆಟ್ಟದಲ್ಲಿ ತಮ್ಮದೇ ರಾಜ್ಯ ಸಾರಿ, 1982ರವರೆಗೆ ಸೆಣಸಿದರು. ಅಂಥ ಕಡೆ ಕೂಟಗಳು ಜನರ ಆಡುಮಾತುಗಳಾದ ಲುಕೊಂಜೊ ಮತ್ತು ಲುಬ್ವಿಸಿಯಲ್ಲೇ ಬರೆಯಲು ಹೊರಟವು. ಲುಬ್ವಿಸಿಗೆ ನೆಲೆಗೊಂಡ ಬರವಣಿಗೆಯೇ ಇರಲಿಲ್ಲ, ಯಾವ ಉಲಿಗೆ ಯಾವ ಅಕ್ಷರ ಎಂಬುದರಿಂದಲೇ ಶುರು. ಗಿನಿ ಬಿಸ್ಸಾವ್ ಎಡವಿದ ಕಲ್ಲನ್ನು ಇಲ್ಲಿ ದಾಟಿದರು. ನೆಮ್ಮದಿ ಮಾತ್ರ ಬಹುದಿನ ಉಳಿಯಲಿಲ್ಲ. 1996–97ರಲ್ಲಿ ಕಾಂಗೊ ಗಡಿಯಿಂದ ಎಡಿಎಫ್ ಬಂಡುಕೋರರು ನುಗ್ಗಿ, ಜಿಲ್ಲೆಯ ಬಹುಪಾಲು ಜನ ಮನೆಮಠ ಬಿಟ್ಟು ಶಿಬಿರ ಸೇರಬೇಕಾಯಿತು.

ಪದ್ಧತಿ ಅಷ್ಟರಲ್ಲಿ ಜಿಲ್ಲೆ ದಾಟಿ ಆಗಿತ್ತು. ಘಾನಾ, ಮಲಾವಿ, ಬುರುಂಡಿ, ನೈಜೀರಿಯಾ ಹೀಗೆ ಹರಡುತ್ತ 60ಕ್ಕೂ ಹೆಚ್ಚು ದೇಶ ಮುಟ್ಟಿತು. ಆಫ್ರಿಕಾದಲ್ಲಿ ಇದನ್ನು ನಡೆಸುವವರು 2000ದ ನಂತರ ‘ಪಮೋಜಾ’ ಎಂಬ ಜಾಲ ಕಟ್ಟಿಕೊಂಡರು. ಸ್ವಾಹಿಲಿಯಲ್ಲಿ ‘ಕೂಡಿ’ ಎಂದರ್ಥ. ಆ್ಯಕ್ಷನ್‌ಏಡ್‌ನ ಲಂಡನ್ ಕಚೇರಿ ಕಳಿಸುವ ತಜ್ಞನಿಗೆ ಕಾಯದೆ, ಒಂದು ದೇಶದ ತರಬೇತುದಾರರು ಇನ್ನೊಂದು ದೇಶಕ್ಕೆ ಹೋಗಿ ಕಲಿಸುವುದು ಇದರ ಉದ್ದೇಶ. ಎಚ್‌ಐವಿ ಹಳ್ಳಿಗಳನ್ನು ಬರಿದು ಮಾಡುತ್ತಿದ್ದ ಕಾಲದಲ್ಲಿ ಇನ್ನೊಂದು ಕಸಿ ನಡೆಯಿತು. ಗಂಡು ಹೆಣ್ಣಿನ ಸಂಬಂಧವನ್ನು ಮುಕ್ತವಾಗಿ ಮಾತಾಡಿಸಲು ಆಲಿಸ್ ವೆಲ್ಬೋರ್ನ್ ಉಗಾಂಡಾದಲ್ಲೇ ಬೆಳೆಸಿ 1995ರಲ್ಲಿ ಪ್ರಕಟಿಸಿದ ‘ಸ್ಟೆಪ್ಪಿಂಗ್ ಸ್ಟೋನ್ಸ್’ ತರಬೇತಿಯನ್ನು ರಿಫ್ಲೆಕ್ಟ್ ಜೊತೆ ಬೆಸೆದು ‘ಸ್ಟಾರ್’ ಎಂದು ಕರೆದರು.

ಇಷ್ಟೆಲ್ಲ ಬೆಳೆದರೂ ಒಂದು ಕಡೆ ಸೊರಗಿತು, ಅದೂ ಅಕ್ಷರದ ಕಡೆಯೇ. ನಕ್ಷೆ ಬಿಡಿಸುವಾಗ ಕೂಟ ಗಿಜಿಗುಡುತ್ತದೆ. ಅಕ್ಷರ ತಿದ್ದುವುದು ಬೇಸರದ ಕೆಲಸ, ತಿಂಗಳುಗಟ್ಟಲೆ ಬೇಕು. ನಡೆಸುವವರು ಅದೇ ಊರಿನ, ಅಷ್ಟಿಷ್ಟು ಶಾಲೆ ಓದಿದ ಯುವಕ ಯುವತಿಯರು. ಎರಡು ವಾರದ ತರಬೇತಿ, ಕೈಖರ್ಚಿನಷ್ಟು ಗೌರವಧನ. ಚರ್ಚೆ ನಡೆಸಬೇಕು, ಜಗಳ ಬಿಡಿಸಬೇಕು, ಮೇಲಾಗಿ ಓದಲೂ ಕಲಿಸಬೇಕು ಎಂದರೆ ಪಳಗಿದ ಮೇಷ್ಟ್ರಿಗೂ ಕಷ್ಟ.

ಸರ್ಕಾರಗಳಂತೂ ಬೇರೆ ದಾರಿ ಹಿಡಿದಿದ್ದವು. ಅಧ್ಯಕ್ಷ ನ್ಯೆರೆರೆಯ ತಾಂಜಾನಿಯಾ 1967ರಲ್ಲಿ ಶೇ 67ರಷ್ಟಿದ್ದ ಅನಕ್ಷರತೆಯನ್ನು 1986ರ ಹೊತ್ತಿಗೆ ಶೇ 10ರ ಆಸುಪಾಸಿಗೆ ಇಳಿಸಿದ್ದಾಗಿ ಲೆಕ್ಕ ಕೊಟ್ಟಿತ್ತು. ಆಮೇಲೆ ಸಾಲದ ಹೊರೆ, ವಿಶ್ವ ಬ್ಯಾಂಕಿನ ಷರತ್ತುಗಳು ಬಂದವು. ಇದ್ದಷ್ಟು ದುಡ್ಡು ಮಕ್ಕಳ ಶಾಲೆಗೆ ಎಂದಾಯಿತು. 2005ರಲ್ಲಿ ಆ್ಯಕ್ಷನ್‌ಏಡ್ ಮತ್ತು ಶಿಕ್ಷಣಕ್ಕಾಗಿ ಜಾಗತಿಕ ಅಭಿಯಾನ 35 ದೇಶಗಳ 67 ಕಾರ್ಯಕ್ರಮಗಳನ್ನು ನೋಡಿ ಒಂದು ಅಳತೆಗೋಲು ಮುಂದಿಟ್ಟವು: ಒಬ್ಬ ಕಲಿಕಾರ್ಥಿಗೆ ವರ್ಷಕ್ಕೆ 50ರಿಂದ 100 ಡಾಲರ್, ಶಿಕ್ಷಣ ಬಜೆಟ್ಟಿನಲ್ಲಿ ಕನಿಷ್ಠ ಶೇ 3 ವಯಸ್ಕರಿಗೆ, ಕಲಿಸುವವರಿಗೆ ಪ್ರಾಥಮಿಕ ಶಾಲೆಯ ಮೇಷ್ಟ್ರ ಕನಿಷ್ಠ ಸಂಬಳದ ದರ. ನಕ್ಷೆ ಬಿಡಿಸುವುದಕ್ಕಿಂತ ಈ ಮೂರು ಸಾಲು ಒಪ್ಪಿಸುವುದೇ ಕಷ್ಟವಾಯಿತು.

ಈಚಿನ ವರ್ಷಗಳಲ್ಲಿ ದಾನಿಗಳ ಒಲವು ಉಳಿತಾಯ ಸಂಘಗಳ ಕಡೆ ತಿರುಗಿದೆ. 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಸಂಸ್ಥೆ ಶುರು ಮಾಡಿದ ಈ ಮಾದರಿಯಲ್ಲಿ ಹೆಂಗಸರು ವಾರವಾರ ಹಣ ಕೂಡಿಸಿ, ಮೂರು ಬೀಗದ ಪೆಟ್ಟಿಗೆಯಲ್ಲಿಟ್ಟು, ಸಾಲ ಕೊಟ್ಟುಕೊಳ್ಳುತ್ತಾರೆ. ಒಳ್ಳೆಯ ಕೆಲಸವೇ. ಓದು ಬಾರದವರಿಗೆ ತೊಡಕಾಗದಿರಲೆಂದು ಆರಂಭದಲ್ಲಿ ಲೆಕ್ಕವನ್ನೆಲ್ಲ ಬಾಯಿಪಾಠದಲ್ಲೇ ಇಟ್ಟುಕೊಳ್ಳುತ್ತಿದ್ದರು. ಈಗ ಸದಸ್ಯೆಯ ಪುಸ್ತಕದಲ್ಲಿ ಅಂಕಿಯ ಬದಲು ಮೊಹರು ಒತ್ತುತ್ತಾರೆ, ಒಂದು ಪಾಲಿಗೆ ಒಂದು ಮೊಹರು. ಜಾಣ ಉಪಾಯ, ಅಗ್ಗವೂ ಹೌದು. ಆದರೆ ಆಕೆಯ ಅನಕ್ಷರತೆಗೆ ತಕ್ಕಂತೆ ಪುಸ್ತಕ ಬದಲಾಯಿತು; ಆಕೆ ಓದಬಹುದಾದ ಪುಸ್ತಕಕ್ಕೆ ಯಾರೂ ದುಡ್ಡಿಡಲಿಲ್ಲ. ಕೆಲವು ರಿಫ್ಲೆಕ್ಟ್ ಕೂಟಗಳು ಎರಡನ್ನೂ ಒಂದೇ ಮರದಡಿ ನಡೆಸುತ್ತಿವೆ. ಅಲ್ಲಿ ಉಳಿತಾಯದ ಲೆಕ್ಕವೇ ಗಣಿತದ ಪಾಠ, ಸಾಲದ ಅರ್ಜಿಯೇ ಬರವಣಿಗೆಯ ಅಭ್ಯಾಸ.