ಅಂಬಾಸಿಡರ್‌ನ ಸಂಬಂಧಿ ಈ ಸ್ಪೋರ್ಟ್ಸ್ ಕಾರು: ಅರ್ಧ ಶತಮಾನ ಕಳೆದರೂ ಎಂಜಿಬಿ ಮನೆಯಲ್ಲೇ ರಿಪೇರಿ ಆಗುವುದು ಹೇಗೆ?

ಎಂಜಿ ಎಂದ ಕೂಡಲೇ ಇಂದು ಭಾರತದಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹೆಕ್ಟರ್, ಇಲ್ಲವೇ ಪುಟ್ಟ ಕಾಮೆಟ್ ಇವಿ. ಆದರೆ ಬ್ರಿಟನ್‌ನಲ್ಲಿ ಈ ಎರಡು ಅಕ್ಷರ ಕೇಳಿದರೆ ಹಳಬರಿಗೆ ಕಾಣುವುದು ಬೇರೆಯೇ ಚಿತ್ರ. ಎರಡೇ ಸೀಟು, ಮಡಚಿಡಬಹುದಾದ ಮೇಲ್ಛಾವಣಿ, ಉದ್ದನೆಯ ಬಾನೆಟ್, ಮನೆಯ ಗ್ಯಾರೇಜ್‌ನಲ್ಲಿ ಅದರೊಳಗೆ ತಲೆ ಹಾಕಿ ನಿಂತ ಒಬ್ಬ ವ್ಯಕ್ತಿ. ಆ ಕಾರೇ ಎಂಜಿಬಿ.

1962ರಲ್ಲಿ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಗಲು ಶುರುವಾದ ಈ ಕಾರು 1980ರವರೆಗೂ ಬಂತು. ಒಟ್ಟು ತಯಾರಾದದ್ದು 5 ಲಕ್ಷಕ್ಕೂ ಹೆಚ್ಚು. ದೊಡ್ಡ ಪಾಲು ಹಡಗು ಹತ್ತಿ ಅಮೆರಿಕಕ್ಕೆ ಹೋಯಿತು. 1798 ಸಿಸಿ ಎಂಜಿನ್, ಗಂಟೆಗೆ ಸುಮಾರು 160 ಕಿಲೋಮೀಟರ್ ಗರಿಷ್ಠ ವೇಗ. ಇಂದಿನ ಸಾಮಾನ್ಯ ಹ್ಯಾಚ್‌ಬ್ಯಾಕ್ ಕೂಡ ಇದರ ಜೊತೆ ಸರಿಸಮವಾಗಿ ಓಡುತ್ತದೆ. ಹಾಗಿದ್ದರೂ ಬ್ರಿಟನ್ ಮತ್ತು ಅಮೆರಿಕದ ರಸ್ತೆಗಳಲ್ಲಿ ಈ ಕಾರು ಇನ್ನೂ ಕಾಣಸಿಗುತ್ತದೆ. ಕಾರಣ ವೇಗವಲ್ಲ. ಮೆಕ್ಯಾನಿಕ್ ಅಲ್ಲದವರೂ ಪುಸ್ತಕ ಓದಿ, ಪಾನಾ ಹಿಡಿದು ಇದನ್ನು ಸರಿಮಾಡಿಕೊಳ್ಳಬಹುದು ಎಂಬುದೇ ಅಸಲಿ ಕಾರಣ.

ಅಂಬಾಸಿಡರ್ ನಂಟು ಏನು?

ಎಂಜಿಬಿಯ ಎಂಜಿನ್ 'ಬಿ ಸೀರೀಸ್' ಎಂಬ ಕುಟುಂಬಕ್ಕೆ ಸೇರಿದ್ದು. ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಇದೇ ಎಂಜಿನ್ನನ್ನು ಬೇರೆ ಬೇರೆ ಗಾತ್ರದಲ್ಲಿ ತನ್ನ ಹಲವು ಕಾರುಗಳಿಗೆ ಹಾಕಿತ್ತು. ಎಂಜಿಬಿಗಿಂತ ಮೊದಲು ಬಂದ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಇದ್ದದ್ದು 1489 ಸಿಸಿ ಎಂಜಿನ್. ಈ ಸಂಖ್ಯೆ ಎಲ್ಲೋ ಕೇಳಿದಂತಿದೆಯೇ? ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ನಮ್ಮ ಅಂಬಾಸಿಡರ್ ಕಾರಿನ ಬಾನೆಟ್ ಅಡಿಯಲ್ಲಿ ದಶಕಗಳ ಕಾಲ ಇದ್ದದ್ದೂ ಅದೇ 1489 ಸಿಸಿ ಬಿ ಸೀರೀಸ್. ಇಸುಜು ಎಂಜಿನ್ ಬರುವ ಮುನ್ನ ಪೆಟ್ರೋಲ್ ಅಂಬಾಸಿಡರ್ ರಿಪೇರಿ ಮಾಡಿದ ಯಾವ ಮೆಕ್ಯಾನಿಕ್‌ಗೂ ಎಂಜಿಬಿಯ ಎಂಜಿನ್ ಅಪರಿಚಿತ ಅನ್ನಿಸಲಿಕ್ಕಿಲ್ಲ. ಮಂತ್ರಿಗಳ ಬಿಳಿ ಕಾರಿಗೂ ಕೋಲ್ಕತ್ತಾದ ಹಳದಿ ಟ್ಯಾಕ್ಸಿಗೂ ಇಂಗ್ಲಿಷರ ಸ್ಪೋರ್ಟ್ಸ್ ಕಾರಿಗೂ ಒಂದೇ ವಂಶಾವಳಿ!

ಈ ಎಂಜಿನ್ ಎಷ್ಟು ಸರಳ ಎಂಬುದಕ್ಕೆ ಟ್ಯಾಪೆಟ್ ಹೊಂದಿಸುವ ಕೆಲಸವೇ ಉದಾಹರಣೆ. ಎಂಟು ವಾಲ್ವ್‌ಗಳಿವೆ, ಮುಂದಿನಿಂದ ಹಿಂದಕ್ಕೆ 1ರಿಂದ 8 ಎಂದು ಎಣಿಸಬೇಕು. ವಾಲ್ವ್ ಪೂರ್ತಿ ಮುಚ್ಚಿರುವಾಗ ಮಾತ್ರ ಅದರ ಅಂತರ ಅಳೆಯಲು ಸಾಧ್ಯ. ಯಾವುದು ಮುಚ್ಚಿದೆ ಎಂದು ತಿಳಿಯಲು ಇರುವುದು 'ಒಂಬತ್ತರ ನಿಯಮ'. 8ನೇ ವಾಲ್ವ್ ಪೂರ್ತಿ ತೆರೆದಿದ್ದರೆ 1ನೆಯದನ್ನು ಹೊಂದಿಸಿ, 6ನೆಯದು ತೆರೆದಿದ್ದರೆ 3ನೆಯದನ್ನು. ಎರಡೂ ಕೂಡಿದರೆ ಯಾವಾಗಲೂ 9 ಬರಬೇಕು, ಅಷ್ಟೇ. ತಣ್ಣಗಿನ ಎಂಜಿನ್‌ನಲ್ಲಿ ಅಂತರ ಒಂದು ಇಂಚಿನ ಸಾವಿರದ 15 ಭಾಗ, ಅಂದರೆ 0.38 ಮಿಲಿಮೀಟರ್. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ಸ್‌ಗೂ ಹೆಚ್ಚುಕಡಿಮೆ ಇದೇ ಅಂತರ. ಬೇಕಾದ ಸಲಕರಣೆ ಒಂದು ಫೀಲರ್ ಗೇಜ್, ಒಂದು ಪಾನಾ, ಒಂದು ಸ್ಕ್ರೂಡ್ರೈವರ್. ಅಂದ ಹಾಗೆ, ಪಾನಾ ಇಂಚಿನ ಅಳತೆಯದ್ದೇ ಆಗಿರಬೇಕು. ಮಿಲಿಮೀಟರ್ ಪಾನಾ ಹಾಕಿ ತಿರುಗಿಸಿದರೆ ನಟ್ಟಿನ ಮೂಲೆ ಸವೆದುಹೋಗುವುದು ಖಚಿತ.

ಆದರೆ ಎಲ್ಲವೂ ಸುಲಭವಲ್ಲ. ಕ್ಲಚ್ ಪ್ಲೇಟ್ ಬದಲಿಸಬೇಕೆಂದರೆ ಎಂಜಿನ್ನನ್ನೇ ಹೊರಗೆ ಎತ್ತಬೇಕು. ಕ್ಲಚ್ ಒತ್ತುವ ಬೇರಿಂಗ್ ಇಂಗಾಲದ ಬಿಲ್ಲೆಯಾದ್ದರಿಂದ ಬೇಗ ಸವೆಯುತ್ತದೆ. ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿಕೊಂಡೇ ನಿಲ್ಲುವ ನಮ್ಮ ನಗರಗಳ ಅಭ್ಯಾಸ ಈ ಕಾರಿಗೆ ಆಗಿಬರದು. ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆಯುವುದೇ ಕ್ಷೇಮ.

ಕಾರ್ಬೊರೇಟರ್‌ಗೆ ಕಿವಿ ಕೊಡಬೇಕು

ಎಂಜಿಬಿಯಲ್ಲಿ ಸಾಮಾನ್ಯವಾಗಿ ಎರಡು ಎಸ್‌ಯು ಕಾರ್ಬೊರೇಟರ್‌ಗಳಿರುತ್ತವೆ. ಎರಡೂ ಒಂದೇ ಪ್ರಮಾಣದಲ್ಲಿ ಗಾಳಿ ಎಳೆದರೆ ಮಾತ್ರ ಎಂಜಿನ್ ನಯವಾಗಿ ಓಡುತ್ತದೆ. ಇದನ್ನು ಪರೀಕ್ಷಿಸಲು ಮೀಟರ್‌ಗಳು ಸಿಗುತ್ತವೆ, ನಿಜ. ಆದರೆ ಹಳಬರ ವಿಧಾನಕ್ಕೆ ಬೇಕಾದದ್ದು ಒಂದು ತುಂಡು ರಬ್ಬರ್ ಪೈಪ್. ಏರ್ ಫಿಲ್ಟರ್ ತೆಗೆದು, ಪೈಪಿನ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬೊರೇಟರ್ ಬಾಯಿಗೂ ಹಿಡಿದರೆ 'ಹಿಸ್ಸ್' ಎಂಬ ಸದ್ದು ಕೇಳುತ್ತದೆ. ಎರಡರ ಸದ್ದೂ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸುತ್ತಾ ಹೋಗಬೇಕು.

ಮುಂದಿನ ಹಂತ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ. ಕಾರ್ಬೊರೇಟರ್ ಬದಿಯಲ್ಲಿರುವ ಚಿಕ್ಕ ಪಿನ್ ಒತ್ತಿದರೆ ಒಳಗಿನ ಪಿಸ್ಟನ್ ತುಸುವೇ, ಒಂದು ಮಿಲಿಮೀಟರ್‌ಗಿಂತ ಕಡಿಮೆ, ಮೇಲೇಳುತ್ತದೆ. ಆಗ ಎಂಜಿನ್ ವೇಗ ಏರಿ ಹಾಗೆಯೇ ಉಳಿದರೆ ಪೆಟ್ರೋಲ್ ಹೆಚ್ಚಾಗಿದೆ ಎಂದರ್ಥ. ಎಂಜಿನ್ ಕುಗ್ಗಿದರೆ ಅಥವಾ ನಿಂತೇಹೋದರೆ ಪೆಟ್ರೋಲ್ ಸಾಲದು. ಕ್ಷಣಕಾಲ ಏರಿ ಮತ್ತೆ ಮೊದಲಿನಂತಾದರೆ ಸರಿಯಾಗಿದೆ. ಲ್ಯಾಪ್‌ಟಾಪ್ ಇಲ್ಲ, ಸ್ಕ್ಯಾನರ್ ಇಲ್ಲ, ಎಂಜಿನ್ ತಾನೇ ಉತ್ತರ ಹೇಳುತ್ತದೆ. ಇಂದಿನ ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಹತ್ತಿದ ಕೂಡಲೇ ಸರ್ವೀಸ್ ಸೆಂಟರ್‌ಗೆ ಓಡುವವರಿಗೆ ಇದು ವಿಚಿತ್ರ ಅನ್ನಿಸಬಹುದು.

ಪೆಟ್ರೋಲ್ ಪಂಪ್ ಕೂಡ ಮಾತಾಡುತ್ತದೆ. ಕಾರಿನ ಹಿಂಭಾಗದಲ್ಲಿರುವ ಈ ವಿದ್ಯುತ್ ಪಂಪ್, ಕೀಲಿ ತಿರುಗಿಸಿದಾಗ 'ಟಿಕ್ ಟಿಕ್' ಎಂದು ಸದ್ದು ಮಾಡಿ, ಕಾರ್ಬೊರೇಟರ್ ತುಂಬಿದ ಮೇಲೆ ಸುಮ್ಮನಾಗಬೇಕು. ಸದ್ದೇ ಬರದಿದ್ದರೆ ಒಳಗಿನ ಪಾಯಿಂಟ್ಸ್ ಅಂಟಿಕೊಂಡಿರುವ ಸಾಧ್ಯತೆ ಹೆಚ್ಚು. ಮೆಲ್ಲಗೆ ಒಂದು ಏಟು ಕೊಟ್ಟರೆ ಎಷ್ಟೋ ಸಲ ಮತ್ತೆ ಶುರುವಾಗುತ್ತದೆ. ಸದ್ದು ನಿಲ್ಲದೇ ಮುಂದುವರಿದರೆ ಮಾತ್ರ ಎಚ್ಚರ: ಎಲ್ಲೋ ಪೆಟ್ರೋಲ್ ಸೋರುತ್ತಿರಬಹುದು, ಇಲ್ಲವೇ ಟ್ಯಾಂಕ್ ಖಾಲಿಯಾಗಿರಬಹುದು.

ವಿದ್ಯುತ್ ವ್ಯವಸ್ಥೆ ಈ ಕಾರಿನ ಕುಖ್ಯಾತ ಭಾಗ. ಶುರುವಿನ ಕಾರುಗಳ ಇಡೀ ವೈರಿಂಗ್‌ಗೆ ಇದ್ದದ್ದು ಎರಡೇ ಫ್ಯೂಸ್. 1967ರವರೆಗಿನ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಜೋಡಣೆಯಾಗಿರುತ್ತಿತ್ತು. ಅಂದರೆ ಇಂದಿನ ಕಾರುಗಳಿಗೆ ಪೂರ್ತಿ ಉಲ್ಟಾ. ಇದು ಗೊತ್ತಿಲ್ಲದೇ ಹೊಸ ಮೊಬೈಲ್ ಚಾರ್ಜರ್ ಅಥವಾ ಸ್ಟೀರಿಯೊ ಜೋಡಿಸಿದರೆ ಹೊಗೆ ಬರುವುದು ಗ್ಯಾರಂಟಿ. ಉಳಿದ ತೊಂದರೆಗಳಲ್ಲಿ ಹೆಚ್ಚಿನವು ತುಕ್ಕು ಹಿಡಿದ ಅರ್ತಿಂಗ್ ಜಾಗಗಳಿಂದ ಬರುವಂಥವು. ಮರಳುಕಾಗದದಿಂದ ಉಜ್ಜಿದರೆ ಅರ್ಧ ಸಮಸ್ಯೆ ಮಾಯ.

ಅಸಲಿ ಶತ್ರು ತುಕ್ಕು

ಕೊಳ್ಳುವವರು ಮೋಸ ಹೋಗುವುದು ಎಂಜಿನ್ ವಿಷಯದಲ್ಲಿ ಅಲ್ಲ, ಬಾಡಿ ವಿಷಯದಲ್ಲಿ. ಹಿಂದಿನ ಎಂಜಿಎಗೆ ಪ್ರತ್ಯೇಕ ಚಾಸಿಸ್ ಇತ್ತು. ಎಂಜಿಬಿಗೆ ಅದಿಲ್ಲ, ಬಾಡಿಯೇ ಚಾಸಿಸ್. ತೆರೆದ ಕಾರಾದ್ದರಿಂದ ಮೇಲೆ ಆಧಾರ ಕೊಡಲು ಛಾವಣಿಯೂ ಇಲ್ಲ. ಕಾರಿನ ಮುಂಭಾಗ, ಹಿಂಭಾಗ ಎರಡನ್ನೂ ಹಿಡಿದು ನಿಲ್ಲಿಸುವ ಹೊಣೆಯ ದೊಡ್ಡ ಪಾಲು ಬಾಗಿಲ ಕೆಳಗೆ ಉದ್ದಕ್ಕೆ ಇರುವ, ಸಿಲ್ ಎಂದು ಕರೆಯುವ ಉಕ್ಕಿನ ಪೆಟ್ಟಿಗೆಯದ್ದು. ಕೆಸರು, ನೀರು ಒಳಗೆ ಸೇರಿ ಇದು ಒಳಗಿನಿಂದಲೇ ಕೊಳೆಯುತ್ತಾ ಬರುತ್ತದೆ. ಹೊರಗೆ ಬಣ್ಣ ಫಳಫಳ ಹೊಳೆಯುತ್ತಿರುತ್ತದೆ, ಒಳಗೆ ಏನೂ ಉಳಿದಿರುವುದಿಲ್ಲ. ಇಂಥ ಕಾರಿಗೆ ಅಪಘಾತವಾದರೆ ಒಳಗಿದ್ದವರ ಗತಿ ಏನಾಗಬಹುದು ಎಂದು ಬೇರೆ ಹೇಳಬೇಕಿಲ್ಲ.

ಪರೀಕ್ಷೆಗೆ ಬೇಕಾದದ್ದು ಒಂದು ಅಯಸ್ಕಾಂತ. ತೆಳುವಾದ ಬಟ್ಟೆ ಸುತ್ತಿ ಸಿಲ್ ಉದ್ದಕ್ಕೂ ಹಿಡಿದುಕೊಂಡು ಹೋಗಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿರುವುದು ಉಕ್ಕಲ್ಲ, ಪುಟ್ಟಿ. ಬಾಗಿಲ ಸುತ್ತಲಿನ ಸಂದನ್ನೂ ಗಮನಿಸಿ. ಮೇಲೆ ಒಂದು ಅಗಲ, ಕೆಳಗೆ ಇನ್ನೊಂದು ಅಗಲ ಇದ್ದರೆ ಕಾರು ನಡುವೆ ಬಾಗಿದೆ ಎಂದೇ ಲೆಕ್ಕ.

ಸಿಲ್ ಬದಲಿಸುವಾಗ ಹೊಸಬರು ಮಾಡುವ ದುಬಾರಿ ತಪ್ಪು ಒಂದಿದೆ. ಹಳೆಯದನ್ನು ಕತ್ತರಿಸಿದ ಕೂಡಲೇ ಕಾರು ತನ್ನದೇ ಭಾರಕ್ಕೆ ಬಾಗುತ್ತದೆ. ಹಾಗೆಯೇ ಹೊಸ ಸಿಲ್ ವೆಲ್ಡ್ ಮಾಡಿದರೆ ಆ ವಕ್ರತೆ ಶಾಶ್ವತ, ಬಾಗಿಲು ಮತ್ತೆ ಮುಚ್ಚುವುದಿಲ್ಲ. ಕತ್ತರಿಸುವ ಮೊದಲೇ ಬಾಗಿಲ ಜಾಗಕ್ಕೆ ಅಡ್ಡಲಾಗಿ ಉಕ್ಕಿನ ಕಂಬಿ ವೆಲ್ಡ್ ಮಾಡಿ ಬಿಗಿಗೊಳಿಸಬೇಕು, ಒಂದು ಬದಿ ಪೂರ್ತಿ ಮುಗಿದ ಮೇಲಷ್ಟೇ ಇನ್ನೊಂದು ಬದಿಗೆ ಕೈ ಹಾಕಬೇಕು. ವೆಲ್ಡಿಂಗ್ ಕಲಿತಿಲ್ಲದವರು ಈ ಒಂದು ಕೆಲಸವನ್ನು ಬಲ್ಲವರಿಗೆ ಬಿಡುವುದೇ ಜಾಣತನ. ಮನೆಯಲ್ಲೇ ಎಲ್ಲವನ್ನೂ ಮಾಡಬೇಕೆಂಬ ಹಟ ಇಲ್ಲಿ ಬೇಡ.

ಬಾಡಿ ಪೂರ್ತಿ ಹೋಗಿದ್ದರೆ? ಅದಕ್ಕೂ ದಾರಿ ಇದೆ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನೇ ಬಳಸಿ 1988ರಿಂದ ಎಂಜಿಬಿಯ ಹೊಚ್ಚಹೊಸ ಬಾಡಿ ತಯಾರಿಸುತ್ತಾ ಬಂದಿದೆ. ಕಾರು ನಿಂತು ಎಂಟು ವರ್ಷಗಳ ಮೇಲೆ ಅದರ ಬಾಡಿ ಮತ್ತೆ ಹುಟ್ಟಿದ್ದು ವಾಹನ ಲೋಕದಲ್ಲಿ ಅಪರೂಪದ ಸಂಗತಿ.

ಡಬ್ಬಗಳಲ್ಲೇ ಉಳಿಯುವ ಕಾರುಗಳು

ಹಳೆಯ ಕಾರುಗಳ ಮಾರಾಟದ ಜಾಹೀರಾತುಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣಿಸುತ್ತದೆ: ಕಾರು ಬಿಚ್ಚಿದೆ, ಭಾಗಗಳು ಡಬ್ಬಗಳಲ್ಲಿವೆ, ಕೆಲಸ ಅರ್ಧ ಆಗಿದೆ. ಉತ್ಸಾಹದಲ್ಲಿ ಒಂದೇ ತಿಂಗಳಲ್ಲಿ ಇಡೀ ಕಾರು ಬಿಚ್ಚಿದವರಿಗೆ ವರ್ಷದ ನಂತರ ಯಾವ ಬೋಲ್ಟ್ ಎಲ್ಲಿಯದು ಎಂಬುದೇ ಮರೆತಿರುತ್ತದೆ. ಹಣ ಮುಗಿದಿರುತ್ತದೆ, ಮನೆಯವರ ತಾಳ್ಮೆಯೂ. ತುಕ್ಕಿನಷ್ಟೇ ಕಾರುಗಳನ್ನು ಈ ಡಬ್ಬಗಳೂ ನುಂಗಿರಬಹುದು.

ಹಾಗಾಗಿ ಅನುಭವಿಗಳು ಹೇಳುವುದು ಕಾರನ್ನು ಓಡಿಸುತ್ತಲೇ ಸರಿಮಾಡಿ ಎಂದು. ಒಂದು ವಾರಾಂತ್ಯಕ್ಕೆ ಒಂದೇ ಕೆಲಸ, ಭಾನುವಾರ ಸಂಜೆಗೆ ಕಾರು ಮತ್ತೆ ಓಡುವ ಸ್ಥಿತಿಯಲ್ಲಿರಬೇಕು. ಬಣ್ಣ, ಸೀಟು, ಕ್ರೋಮ್ ಎಲ್ಲ ಆಮೇಲೆ. ಮೊದಲು ಬ್ರೇಕ್, ಸ್ಟೀರಿಂಗ್, ಟೈರ್, ಪೆಟ್ರೋಲ್ ಪೈಪ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವುದರಿಂದ ಕಾರು ಓಡದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಟೈರಿನ ಗೆರೆ ಚೆನ್ನಾಗಿದೆ ಎಂದು ನಂಬುವಂತಿಲ್ಲ, ಅದರ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟೈರ್.

ಕಾರಿನ ಅಡಿಗೆ ಹೋಗುವ ಮುನ್ನ ಎರಡು ಮಾತು. ಬರೀ ಜ್ಯಾಕ್ ನಂಬಿ ಎಂದಿಗೂ ಕೆಳಗೆ ಮಲಗಬೇಡಿ. ಗಟ್ಟಿ ನೆಲ, ಎರಡು ಆಕ್ಸಲ್ ಸ್ಟ್ಯಾಂಡ್ ಇರಲೇಬೇಕು. ಇನ್ನು ಆ ಕಾಲದ ಬ್ರೇಕ್ ಲೈನಿಂಗ್ ಮತ್ತು ಕ್ಲಚ್ ಪ್ಲೇಟ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಡ್ರಮ್ ಬಿಚ್ಚಿ ಗಾಳಿ ಊದಿ ಧೂಳು ಹಾರಿಸುವುದು ಶ್ವಾಸಕೋಶಕ್ಕೆ ಅಪಾಯ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಎಸೆಯಬೇಕು.

ಈಗಿನ ಪೆಟ್ರೋಲ್ ಕೂಡ ಹಳೆಯ ಕಾರಿಗೆ ತಲೆನೋವು. ಇದರ ಎಂಜಿನ್ ಸೀಸ ಬೆರೆತ ಪೆಟ್ರೋಲ್ ಕಾಲದ್ದು. ಸೀಸ ಇಲ್ಲದಿದ್ದರೆ ವಾಲ್ವ್ ಕೂರುವ ಜಾಗ ನಿಧಾನಕ್ಕೆ ಸವೆಯುತ್ತದೆ, ಟ್ಯಾಪೆಟ್ ಅಂತರ ಕಡಿಮೆಯಾಗುತ್ತಾ ಬರುತ್ತದೆ. ಸಿಲಿಂಡರ್ ಹೆಡ್ ಬಿಚ್ಚಿದಾಗ ಗಟ್ಟಿ ಸೀಟ್ ಹಾಕಿಸುವುದೇ ಪರಿಹಾರ. ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪ್‌ಗಳನ್ನು ಮೆತ್ತಗೆ ಮಾಡಿ ಸೀಳಿಸುತ್ತದೆ. ಭಾರತದಲ್ಲಿ ಈಗ ಶೇ 20 ಎಥೆನಾಲ್ ಇರುವ ಇ20 ಪೆಟ್ರೋಲ್ ಬಂದಿರುವುದರಿಂದ, ಎಥೆನಾಲ್ ತಡೆಯುವ ಹೊಸ ಪೈಪ್ ಹಾಕದೆ ಹಳೆಯ ಕಾರು ಓಡಿಸುವುದು ಬೆಂಕಿಯ ಜೊತೆ ಆಟ.

ಭಾರತದಲ್ಲಿ ನಿಯಮ ಏನಿದೆ?

ಬ್ರಿಟನ್‌ನಲ್ಲಿ 40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ ರಸ್ತೆ ತೆರಿಗೆಯೂ ಇಲ್ಲ, ವಾರ್ಷಿಕ ತಪಾಸಣೆಯ ಕಡ್ಡಾಯವೂ ಇಲ್ಲ. ಆದರೂ ಕಾರು ಸುಸ್ಥಿತಿಯಲ್ಲಿಡುವ ಹೊಣೆ ಮಾಲೀಕರದ್ದೇ.

ಭಾರತದಲ್ಲಿ 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲ ರೂಪದಲ್ಲೇ ಇರುವ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷ ಮಾನ್ಯ. ನಂತರದ ಮರುನೋಂದಣಿಗೆ 5,000 ರೂಪಾಯಿ. ನಂಬರ್ ಪ್ಲೇಟ್‌ನಲ್ಲಿ 'ವಿಎ' ಅಕ್ಷರ ಬರುತ್ತದೆ. ಮೊದಲೇ ನೋಂದಣಿಯಾದ ವಾಹನ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ದಿನನಿತ್ಯ ಆಫೀಸಿಗೆ ಓಡಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿ ಇಂಥ ಕೆಲಸಕ್ಕಷ್ಟೇ ರಸ್ತೆಗಿಳಿಯಬಹುದು. ಚಾಸಿಸ್, ಬಾಡಿ ಅಥವಾ ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಮಾಡಿದ್ದರೆ ವಿಂಟೇಜ್ ಮಾನ್ಯತೆ ಸಿಗದು. ಹಾಗಾಗಿ ಬೇರೆ ಎಂಜಿನ್ ಕೂರಿಸುವ ಯೋಚನೆ ಇದ್ದವರು ಮೊದಲು ನಿಯಮ ಓದುವುದು ಒಳ್ಳೆಯದು.

ಮುಂಬೈ, ಪುಣೆಯ ಫ್ಲ್ಯಾಟ್‌ಗಳಲ್ಲಿ ಇರುವವರಿಗೆ ಒಂದು ಕಾರು ನಿಲ್ಲಿಸಲೇ ಜಾಗವಿಲ್ಲ, ಇನ್ನು ಎಂಜಿನ್ ಎತ್ತುವ ಕ್ರೇನ್ ಎಲ್ಲಿ ಇಡುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಊರಿನ ಮನೆಯ ಕೊಟ್ಟಿಗೆಯಲ್ಲಿ ಅಜ್ಜನ ಅಂಬಾಸಿಡರ್ ನಿಂತಿದ್ದರೆ ಮಾತ್ರ ಲೆಕ್ಕ ಬೇರೆ. ಒಂಬತ್ತರ ನಿಯಮ ಅದಕ್ಕೂ ಒಪ್ಪುತ್ತದೆ, ಇಂಚಿನ ಪಾನಾವೂ.

ಸರಿಯಾದ ಮೇಲೆ ಓಡಿಸುವುದು ಹೇಗಿರುತ್ತದೆ? ಪವರ್ ಸ್ಟೀರಿಂಗ್ ಇಲ್ಲ, ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಸೀಟು ನೆಲಕ್ಕೆ ಎಷ್ಟು ಹತ್ತಿರವೆಂದರೆ ಗಂಟೆಗೆ 60 ಕಿಲೋಮೀಟರ್ ವೇಗವೂ ನೂರು ಅನ್ನಿಸುತ್ತದೆ. ಛಾವಣಿ ಇಳಿಸಿದರೆ ಎಂಜಿನ್ ಸದ್ದು, ಬಿಸಿ ಎಣ್ಣೆಯ ವಾಸನೆ, ರಸ್ತೆಬದಿಯ ಹೊಲದ ಗಾಳಿ ಎಲ್ಲವೂ ಒಟ್ಟಿಗೆ ಬರುತ್ತವೆ. ಮುಂದಿನ ವಾಹನದಿಂದ ಹೆಚ್ಚು ಅಂತರ ಇಟ್ಟುಕೊಂಡು, ಬ್ರೇಕ್ ಬೇಗನೆ ಒತ್ತುತ್ತಾ ಓಡಿಸಬೇಕು.

ಮನೆಗೆ ಬಂದು ನಿಲ್ಲಿಸಿದ ಮೇಲೆ ಅಡಿಯಲ್ಲಿ ಒಂದು ಹಳೆಯ ರಟ್ಟು ಹಾಸುವುದು ವಾಡಿಕೆ. ಶುರುವಿನ ವರ್ಷಗಳ ಎಂಜಿನ್‌ಗಳಲ್ಲಿ ಹಿಂಬದಿಗೆ ಸರಿಯಾದ ಆಯಿಲ್ ಸೀಲ್ ಇರಲಿಲ್ಲ, ಒಂದೆರಡು ಹನಿ ತೊಟ್ಟಿಕ್ಕುವುದು ಸಹಜ. ಬೆಳಗ್ಗೆ ರಟ್ಟಿನ ಮೇಲೆ ಎಣ್ಣೆಯ ಕಲೆ ಕಾಣದಿದ್ದರೆ ಖುಷಿಪಡುವ ಮೊದಲು ಡಿಪ್‌ಸ್ಟಿಕ್ ತೆಗೆದು ನೋಡಿ, ಎಂಜಿನ್‌ನಲ್ಲಿ ಎಣ್ಣೆ ಇದೆಯೋ ಇಲ್ಲವೋ ಎಂದು.